ಉಳಿದ ಮೂರು ಕಿಲೋ

ಸುನಂದಾ ರೊಟ್ಟಿ ಬಿಟ್ಟದ್ದನ್ನು ಆ ಮನೆಯವರು ಹೇಗೋ ಸಹಿಸಿಕೊಂಡಿದ್ದರು. ಬಿಟ್ಟ ಮೇಲೆ ಅವಳು ಆಡಿದ ಮಾತನ್ನು ಸಹಿಸಲಿಲ್ಲ.

ಅವಳ ಗಂಡ ಬಸಂತರಾಯ ಸಿಂದಗಿಯ ಪೇಟೆಯಲ್ಲಿ ರೈತರ ತೊಗರಿಯನ್ನು ಹರಾಜು ಹಾಕಿ ಮಾರಿಕೊಡುವ ಅಡತಿ ವ್ಯಾಪಾರಿ. ಮಗಳು ಮದುವೆಯಾಗಿ ಇಂಡಿಯಲ್ಲಿದ್ದಳು. ಮನೆಯಲ್ಲಿ ಉಳಿದವರು ಮೂವರು: ಗಂಡ, ಹೆಂಡತಿ ಮತ್ತು ಅತ್ತೆ ಲಕ್ಕವ್ವ. ಸುನಂದಾಳಿಗೆ ಸಕ್ಕರೆ ಕಾಯಿಲೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೊಣಕಾಲು ನೋವಿಗೆ ಮಾಳಿಗೆ ಹತ್ತುವುದನ್ನೇ ಬಿಟ್ಟಿದ್ದಳು. ಡಾಕ್ಟರು ತೂಕ ಇಳಿಸಲು ಹೇಳಿದಾಗ ಅವಳು ಒಂದೇ ಸಲಕ್ಕೆ ಅನ್ನ, ಜೋಳದ ರೊಟ್ಟಿ, ಚಪಾತಿ, ಚಹಾದೊಳಗಿನ ಸಕ್ಕರೆ ಎಲ್ಲ ಬಿಟ್ಟಳು. ಮೆಂತ್ಯ ಪಲ್ಯ, ಮೊಸರು, ಪನೀರು, ಸವತೆಕಾಯಿ, ಹಿಡಿ ಶೇಂಗಾ, ಮಧ್ಯಾಹ್ನ ಸೋಯಾ ಹಿಟ್ಟಿನ ಎರಡು ರೊಟ್ಟಿ. ಎಂಬತ್ತಾರು ಕಿಲೋ ಇದ್ದವಳು ವರ್ಷ ತುಂಬುವುದರೊಳಗೆ ಎಪ್ಪತ್ತೆರಡಕ್ಕೆ ಇಳಿದಳು. ಇನ್ನು ಮೂರು ಕಿಲೋ ಇಳಿದರೆ ಗುಳಿಗೆ ಕಡಿಮೆ ಮಾಡೋಣ ಎಂದು ಡಾಕ್ಟರು ಹೇಳಿದ್ದರು.

ತೂಕ ಇಳಿದಂತೆ ಅವಳ ನಾಲಗೆ ಹರಿತವಾಯಿತು. ದಿನಾ ಫೋನಿನಲ್ಲಿ ನೋಡಿದ್ದನ್ನೆಲ್ಲ ಊಟದ ಹೊತ್ತಿಗೆ ಹೇಳುವಳು. ಗಂಡ ಎರಡನೆಯ ಸಲ ಅನ್ನ ಹಾಕಿಸಿಕೊಂಡರೆ, "ಹಾಕೋರಿ, ಹಾಕೋರಿ, ಡಾಕ್ಟರ ಕಾಲ ಕೊಯ್ಯೋಮಟ ಹಾಕೋರಿ" ಎನ್ನುವಳು. ಬಸಂತರಾಯ ತುತ್ತು ನುಂಗದೆ ಎದ್ದುಹೋದ ದಿನಗಳೂ ಇದ್ದವು.

ಒಂದು ದಿನ ಇಂಡಿಯಿಂದ ಬೀಗರು ಬಂದಿದ್ದರು. ಲಕ್ಕವ್ವ ಬೆಳಗಿನಿಂದ ಒಲೆ ಮುಂದೆ ಕುಳಿತು ರೊಟ್ಟಿ ಬಡಿದಿದ್ದಳು. ಎಪ್ಪತ್ತು ದಾಟಿದರೂ ಓಣಿಯಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿರಲಿಲ್ಲ. ಬೀಗರು ಹೊಗಳಿ ಹೊಗಳಿ ತಿನ್ನುತ್ತಿದ್ದರು. ಪಕ್ಕದಲ್ಲಿ ಸುನಂದಾ ತನ್ನ ಬಟ್ಟಲಿನ ಪನೀರು ತಿನ್ನುತ್ತಿದ್ದಳು.

"ನೀ ಯಾಕ ತಂಗಿ, ಒಂದ ರೊಟ್ಟಿ ತಗೋವಾ" ಎಂದಳು ಬೀಗಿತ್ತಿ.

"ಬ್ಯಾಡ್ರಿ. ಈ ರೊಟ್ಟಿನ ನಮ್ಮ ಮನಿ ಹಾಳ ಮಾಡಿದ್ದು. ನಮ್ಮ ಮಾವಾರ ಹೋಗಿದ್ದೂ ಇದನ್ನ ತಿಂದ ತಿಂದನ ಅಲ್ರಿ?"

ಲಕ್ಕವ್ವನ ಗಂಡ ಸಕ್ಕರೆ ಕಾಯಿಲೆಯಲ್ಲೇ ತೀರಿಕೊಂಡಿದ್ದ. ಕಡೆಯ ದಿನಗಳಲ್ಲಿ ಅವನಿಗೆ ಅವಳೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದ್ದಳು. ಲಕ್ಕವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ಇಳಿಸಿದಳು, ಕೈತೊಳೆದುಕೊಂಡಳು, ಹಿತ್ತಲಿಗೆ ಹೋದಳು. ಬೀಗರು ಹೊರಡುವವರೆಗೂ ಒಳಗೆ ಬರಲಿಲ್ಲ.

ಸುನಂದಾಳಿಗೆ ಆ ಸಂಜೆ ಒಂದಿಷ್ಟು ಚುಚ್ಚಿತು. ಆದರೆ ಸುಳ್ಳೇನು ಹೇಳಿದೆ ಎಂದು ತನಗೆ ತಾನೇ ಹೇಳಿಕೊಂಡು ಮಲಗಿದಳು. ಕ್ಷಮಿಸ್ರಿ ಎನ್ನಲಿಲ್ಲ.

ಆ ನಂತರ ಅವಳ ತೂಕ ಇಳಿಯುವುದು ನಿಂತಿತು.

ಮೊದಲ ವಾರ ಗಮನ ಕೊಡಲಿಲ್ಲ. ತಿಂಗಳಾದರೂ ತಕ್ಕಡಿಯ ಮುಳ್ಳು ಎಪ್ಪತ್ತೆರಡರ ಮೇಲೇ ನಿಂತಿತ್ತು. ಒಂದೊಂದು ದಿನ ಎಪ್ಪತ್ತಮೂರಕ್ಕೂ ಏರಿತು. ಸಂಜೆಯ ಶೇಂಗಾ ಬಿಟ್ಟಳು, ಬೆಳಿಗ್ಗೆ ಕಾಲೇಜಿನ ಮೈದಾನದ ಸುತ್ತ ಇನ್ನಷ್ಟು ನಡೆದಳು. ಏನೂ ಆಗಲಿಲ್ಲ. ಒಂದು ಸಮಾಧಾನವೆಂದರೆ ಸೋಯಾ ರೊಟ್ಟಿ ಕೈಗೆ ಬಂದಿತ್ತು. ಮೊದಲೆಲ್ಲ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕುವಾಗ ಎರಡು ತುಂಡಾಗುತ್ತಿತ್ತು. ಈಗ ದುಂಡಗೆ ಬಂದು ಉಬ್ಬುತ್ತಿತ್ತು. ಫೋಟೋ ತೆಗೆದು ಮಸೂತಿ ಎಂಬ ಊರಿನಲ್ಲಿದ್ದ ತಮ್ಮನ ಹೆಂಡತಿಗೆ ಕಳಿಸಿದಳು. ಲಕ್ಕವ್ವ ಕೂಡ ಒಮ್ಮೆ ಬಗ್ಗಿ ನೋಡಿ, "ಈಗ ಬರಾಕತ್ತಾವ ನೋಡ" ಎಂದಳು. ಬೀಗರು ಹೋದ ಮೇಲೆ ಅತ್ತೆ ಅವಳೊಂದಿಗೆ ಆಡಿದ ಮೊದಲ ಸೀದಾ ಮಾತು ಅದು.

ರಕ್ತ ತಪಾಸಣೆಯಲ್ಲಿ ಸಕ್ಕರೆ ಏರಿತ್ತು. ಡಾಕ್ಟರು ಚೀಟಿ ನೋಡಿ ಕನ್ನಡಕ ತೆಗೆದಿಟ್ಟರು.

"ಅಮ್ಮಾರ, ಖರೇ ಹೇಳ್ರಿ. ಏನ ಕದ್ದ ತಿನ್ನಾಕತ್ತೀರಿ?"

"ದೇವರಾಣಿ ಏನೂ ತಿಂದಿಲ್ರಿ."

"ಎಲ್ಲಾರೂ ಹಿಂಗ ಅಂತಾರ್ರಿ. ಈ ಚೀಟಿ ಸುಳ್ಳ ಹೇಳಂಗಿಲ್ಲ."

ಸುನಂದಾ ಪಕ್ಕದ ಕುರ್ಚಿಯಲ್ಲಿದ್ದ ಗಂಡನ ಕಡೆ ನೋಡಿದಳು. ಬಸಂತರಾಯ ನಕ್ಕ. "ನಾ ಅಂಗಡಿಗೆ ಹೋದಮ್ಯಾಲ ಏನ ತಿಂತಾಳೋ ನನಗೇನ ಗೊತ್ತರಿ ಸಾಹೇಬ್ರ" ಎಂದ. ಡಾಕ್ಟರೂ ನಕ್ಕರು. ಗುಳಿಗೆ ಎರಡು ಪಟ್ಟು ಬರೆದರು.

ಮನೆಗೆ ಬರುವ ದಾರಿಯಲ್ಲಿ ಅವಳು ಬೈಕಿನ ಹಿಂದೆ ಕುಳಿತು ಬೆಳಗಿನಿಂದ ತಿಂದದ್ದನ್ನು ಒಂದೊಂದಾಗಿ ಎಣಿಸಿದಳು. ತನ್ನ ಮೇಲೆ ತನಗೇ ಅನುಮಾನ ಬರತೊಡಗಿತ್ತು. ಮೈಯೇ ಹೀಗಿದೆಯೋ, ತನಗೆ ತಿಳಿಯದೆ ಏನಾದರೂ ತಿನ್ನುತ್ತಿದ್ದೇನೋ ಎಂದು ದಿನದ ಪ್ರತಿ ತುತ್ತನ್ನೂ ನೆನೆಯುವಳು. ಸಿಟ್ಟು ಸಿಕ್ಕಿದವರ ಮೇಲೆ ಹೋಗುತ್ತಿತ್ತು. ತರಕಾರಿಯವನ ಮೇಲೆ ಕೂಗಿದಳು, ಮಗಳ ಫೋನನ್ನು ಅರ್ಧಕ್ಕೇ ಇಟ್ಟಳು.

ಅದೇ ಹೊತ್ತಿಗೆ ಮಸೂತಿಯಲ್ಲಿ ತಮ್ಮ ಸಿದ್ದಾರೂಢ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಒಕ್ಕಲಿಗೆ ಕರೆದ. ಬಸಂತರಾಯನಿಗೆ ತೊಗರಿಯ ಸುಗ್ಗಿ, ಬರಲಾಗಲಿಲ್ಲ. ಸುನಂದಾ ಒಬ್ಬಳೇ ಹೊರಟಳು. ಮನೆಯಲ್ಲಿ ಹಿಟ್ಟು ತುಂಬಿಟ್ಟಿದ್ದ ದೊಡ್ಡ ಡಬ್ಬಿ ಹೊತ್ತುಕೊಂಡು ಹೋಗುವುದು ಯಾಕೆಂದು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಸೋಯಾ ಹಿಟ್ಟಿನ ಹೊಸ ಪಾಕೀಟು ಕೊಂಡಳು.

ಮಸೂತಿಯಲ್ಲಿ ತಮ್ಮನ ಹೆಂಡತಿ ವಿದ್ಯಾವತಿ ಅವಳಿಗೆಂದೇ ಒಂದು ಒಲೆ ಬಿಟ್ಟುಕೊಟ್ಟಳು. ಸುನಂದಾ ಕುದಿನೀರು ಹಾಕಿ ಹಿಟ್ಟು ನಾದಿ ರೊಟ್ಟಿ ಬಡಿಯಲು ಕುಳಿತಳು. ಅಂಚು ಸೀಳಿತು. ಮತ್ತೆ ಮುದ್ದೆ ಮಾಡಿ ಬಡಿದಳು. ಹಂಚಿಗೆ ಹಾಕುವಾಗ ಎರಡಾಗಿ ಕೈಯಲ್ಲೇ ಉಳಿಯಿತು.

ವಿದ್ಯಾವತಿ ನಕ್ಕಳು. "ಅಕ್ಕಾರ, ಫೋನಿನ್ಯಾಗ ಉಬ್ಬಿದ ರೊಟ್ಟಿ ಕಳಿಸಿದ್ರಲ್ಲ, ಅವನ್ನ ಯಾರ ಬಡದಿದ್ರು?"

"ನಾನ ಬಡದಿದ್ದೆ."

"ಹಂಗಿದ್ರ ಈ ಹಿಟ್ಟ ಛಲೋ ಇಲ್ಲ ಬಿಡ್ರಿ."

ಸುನಂದಾ ಆ ತುಂಡುಗಳನ್ನೇ ಬೇಯಿಸಿ ತಿಂದಳು. ಒಕ್ಕಲಿನ ಗದ್ದಲದಲ್ಲಿ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಅಲ್ಲಿದ್ದ ದಿನಗಳಲ್ಲಿ ಮುಂಜಾನೆ ಎದ್ದರೆ ಕೈ ನಡುಗುತ್ತಿತ್ತು, ಬೆವರು ಬರುತ್ತಿತ್ತು. ದಣಿವು ಎಂದುಕೊಂಡಳು.

ವಾಪಸು ಹೊರಟ ದಿನ ಸಿದ್ದಾರೂಢ ಅವಳನ್ನು ಬಸವನ ಬಾಗೇವಾಡಿಯವರೆಗೆ ಬಿಡಲು ಬಂದ. ಬಸ್ ಸ್ಟ್ಯಾಂಡಿನಲ್ಲಿ ನಿಂತವಳಿಗೆ ಬಸ್ಸಿನ ಹಲಗೆ ಮಸುಕಾಯಿತು. "ಸಿದ್ದೂ, ಇದ ಯಾವ ಊರ?" ಎಂದು ಕೇಳಿದಳು. ಅವನು ಗಾಬರಿಯಾಗಿ ತಿರುಗುವಷ್ಟರಲ್ಲಿ ಅವಳು ನೆಲಕ್ಕೆ ಕುಸಿದಿದ್ದಳು. ಕಂಡಕ್ಟರ್ ಯುನೂಸ ಎನ್ನುವವನು ಹಿಡಿದೆತ್ತಲು ಕೈಕೊಟ್ಟ, ಒಂದು ಆಟೋ ನಿಲ್ಲಿಸಿದ.

ಹತ್ತಿರದ ದವಾಖಾನೆಯ ಡಾಕ್ಟರ್ ಮಂಜರಿ ಬೆರಳು ಚುಚ್ಚಿ ನೋಡಿದವಳೇ ಗ್ಲೂಕೋಸ್ ಏರಿಸಿದಳು. ಸಕ್ಕರೆ ನಲವತ್ತೆಂಟಕ್ಕೆ ಬಿದ್ದಿತ್ತು. ಸುನಂದಾ ಕಣ್ಣು ಬಿಟ್ಟು ಮಾತನಾಡುವಂತಾದ ಮೇಲೆ ಮಂಜರಿ ಗುಳಿಗೆಯ ಪಟ್ಟಿ ಕೈಯಲ್ಲಿ ಹಿಡಿದು ಊಟದ ಬಗ್ಗೆ ಕೇಳಿದಳು. ಸುನಂದಾ ಎಲ್ಲ ಹೇಳಿದಳು.

"ಈ ಊಟಕ್ಕ ಇಷ್ಟ ಗುಳಿಗಿ ಯಾಕ್ರಿ? ಬಿದ್ದಿದ್ದು ನಿಮ್ಮ ತಮ್ಮ ಇರೋ ಕಡೆ, ಪುಣ್ಯ ಅನ್ರಿ. ನಿದ್ದಿಯೊಳಗ ಹಿಂಗ ಆಗಿದ್ರ?"

"ಸಕ್ಕರಿ ಏರೇತಿ ಅಂತ ಡಾಕ್ಟರ ಹೆಚ್ಚ ಮಾಡ್ಯಾರ್ರಿ."

"ಹಂಗಂದ್ರ ಅಲ್ಲಿ ನಿಮ್ಮ ಹೊಟ್ಟಿಗೆ ಬ್ಯಾರೆ ಏನೋ ಹೋಗಾಕತ್ತದ. ಇಲ್ಲಿ ಅದು ಹೋಗಿಲ್ಲ. ನೋಡ್ಕೊಳ್ರಿ."

ಸುನಂದಾ ಮಾಡಿನ ಕಡೆ ನೋಡುತ್ತ ಮಲಗಿದ್ದಳು. ಸಿಂದಗಿಯಲ್ಲಿ ಉಬ್ಬುತ್ತಿದ್ದ ರೊಟ್ಟಿ ತಮ್ಮನ ಮನೆಯಲ್ಲಿ ಯಾಕೆ ಮುರಿಯಿತು ಎಂಬುದು ಆಗ ಹೊಳೆಯಿತು. ತಮ್ಮನಿಗೆ ಏನೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಸಿಂದಗಿಯ ಮನೆ ಹೊಕ್ಕವಳು ಕಾಲು ತೊಳೆದು ನೇರ ಅಡುಗೆಮನೆಗೆ ಹೋದಳು. ಲಕ್ಕವ್ವ ಅಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುನಂದಾ ಪಾಕೀಟಿನ ಹಿಟ್ಟಿನಿಂದ ಒಂದು ರೊಟ್ಟಿ ಬಡಿದಳು. ಅದು ಸೀಳಿತು. ಡಬ್ಬಿಯ ಹಿಟ್ಟಿನಿಂದ ಇನ್ನೊಂದು ಬಡಿದಳು. ಅದು ಹಂಚಿನ ಮೇಲೆ ಉಬ್ಬಿತು. ಎರಡನ್ನೂ ತಾಟಿನಲ್ಲಿಟ್ಟು ಅತ್ತೆಯ ಮುಂದೆ ಸರಿಸಿದಳು.

"ಅತ್ತಿ, ಡಬ್ಬಿಯೊಳಗ ಏನ ಹಾಕೀರಿ?"

ಲಕ್ಕವ್ವ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ಜ್ವಾಳದ ಹಿಟ್ಟ."

ಸುನಂದಾ ಅವಳು ಇಲ್ಲ ಎನ್ನುವಳೆಂದು ಕಾದಿದ್ದಳು.

"ಯಾಕ್ರಿ?"

"ಯಾಕ ಅಂತ ಕೇಳತಿ? ನಾಕ ಮಂದಿ ಮುಂದ ನನ್ನ ಗಂಡನ್ನ ನಾನ ಕೊಂದೆ ಅಂದಿ. ನನ್ನ ಕೈಯಾಗಿನ ರೊಟ್ಟಿ ತಿಂದ ನೀ ಒಂದ ಮಗಳನ್ನ ಹಡದಿ, ಬಾಣಂತನ ಮಾಡಿಸ್ಕೊಂಡಿ. ಆಗ ವಿಷ ಆಗಿರಲಿಲ್ಲ? ಮತ್ತ ತಿಂದ ನೋಡಲಿ ಅಂದೆ. ಎರಡ ತಿಂಗಳಾತು ತಿನ್ನಾಕತ್ತಿ. ಸತ್ತೇನ?"

"ಸಾಯ್ತಿದ್ದೆ. ಬಾಗೇವಾಡಿ ಬಸ್ ಸ್ಟ್ಯಾಂಡಿನ್ಯಾಗ ಬಿದ್ದಿದ್ದೆ. ನಿಮ್ಮ ಹಿಟ್ಟಿಗೆ ಸಕ್ಕರಿ ಏರಿತು, ಸಕ್ಕರಿ ಏರೇತಿ ಅಂತ ಗುಳಿಗಿ ಏರಿಸಿದ್ರು, ಹಿಟ್ಟ ನಿಂತ ಕೂಡಲೇ ಆ ಗುಳಿಗಿ ನನ್ನ ತಿಂತು."

ಲಕ್ಕವ್ವನ ಕೈ ನಿಂತಿತು. ಕ್ಷಣ ಹೊತ್ತು ಸೊಸೆಯ ಮುಖ ನೋಡಿದಳು. ಗುಳಿಗೆಯ ಲೆಕ್ಕ ಅವಳಿಗೆ ಗೊತ್ತಿರಲಿಲ್ಲವೆಂಬುದು ಆ ಮುಖದಲ್ಲಿ ಕಂಡಿತು. ಆದರೆ ಬಾಯಿಂದ ಬಂದದ್ದು ಬೇರೆ.

"ಆ ಮಾತ ಆಡೂಮುಂದ ನೀ ವಿಚಾರ ಮಾಡಿದ್ದೇನ? ನನಗ್ಯಾಕ ಕೇಳತಿ? ನಿನ್ನ ಗಂಡನ್ನ ಕೇಳ. ಅವಗ ಗೊತ್ತಿತ್ತ."

ಊಟಕ್ಕೆ ಬಂದ ಬಸಂತರಾಯ ಆಗಷ್ಟೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಸುನಂದಾ ತಿರುಗಿ ನೋಡಿದಳು.

"ನಿಮಗ ಗೊತ್ತಿತ್ತ?"

ಅವನು ಒಮ್ಮೆ ತಾಯಿಯನ್ನು, ಒಮ್ಮೆ ತಾಟನ್ನು ನೋಡಿದ. "ಅವ್ವ ಹಾಕೋದ ಒಂದ ಸಲ ನೋಡಿದ್ದೆ. ಒಂದ ಹಿಡಿ ಜ್ವಾಳಾ, ಅದರಾಗೇನ... ನೀನೂ ಭಾಳ ಹಾರಾಡತಿದ್ದಿ. ಸ್ವಲ್ಪ ಇಳೀಲಿ ಅಂತ ಸುಮ್ನಿದ್ದೆ."

"ಡಾಕ್ಟರ ನನ್ನ ಕಳ್ಳಿ ಅಂದಾಗ ಗೊತ್ತಿತ್ತ?"

ಅವನು ಬಿಟ್ಟ ಚಪ್ಪಲಿಯನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿದ.

ಸುನಂದಾ ಕೂಗಲಿಲ್ಲ. ಅಳಲೂ ಇಲ್ಲ. ಡಬ್ಬಿಯನ್ನು ಹಿತ್ತಲಿಗೆ ಒಯ್ದು ಎಮ್ಮೆಯ ಕಲಗಚ್ಚಿಗೆ ಸುರಿದು ಬಂದಳು. "ನಡೀರಿ, ದವಾಖಾನಿಗೆ" ಎಂದಳು.

"ಊಟ ಮಾಡಿ..."

"ನಡೀರಿ ಅಂದೆ."

ಡಾಕ್ಟರ ಕೋಣೆಯಲ್ಲಿ ಅವಳು ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದಳು. ಬಾಗೇವಾಡಿಯ ಚೀಟಿಯನ್ನು ಮೇಜಿನ ಮೇಲಿಟ್ಟಳು. "ನಾ ಕದ್ದ ತಿಂದಿಲ್ಲ ಅಂತ ಹೇಳಿದ್ದೆ. ನೀವ ನಂಬಲಿಲ್ಲ. ಈಗ ಇವರ ಹೇಳ್ತಾರ ಕೇಳ್ರಿ."

ಬಸಂತರಾಯ ಗಂಟಲು ಸರಿಮಾಡಿಕೊಂಡ. ಪೇಟೆಯಲ್ಲಿ ಹರಾಜು ಕೂಗುವವನ ದನಿ ಅಲ್ಲಿ ಏಳಲೇ ಇಲ್ಲ. ತಡವರಿಸುತ್ತ, ಅರ್ಧರ್ಧ ನುಂಗುತ್ತ ಹೇಳಿದ. ಎಲ್ಲಿ ಬಿಟ್ಟನೋ ಅಲ್ಲಿ ಸುನಂದಾ, "ಮುಂದ?" ಎನ್ನುವಳು. ತನಗೆ ಗೊತ್ತಿತ್ತು ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದಳು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದವರಿಗೂ ಕೇಳುತ್ತಿತ್ತು.

ಡಾಕ್ಟರು ಬಸಂತರಾಯನನ್ನು ಬಿಡಲಿಲ್ಲ. "ಹೆಂಡ್ತಿ ಜೀವಾ ಅಂದ್ರ ಚೇಷ್ಟಾ ಏನ್ರಿ? ನನ್ನ ಮುಂದ ಕೂತ ನಗತಿದ್ರಲ್ಲ!" ಎಂದರು. ಗುಳಿಗೆ ಮೊದಲಿಗಿಂತಲೂ ಕಡಿಮೆ ಮಾಡಿದರು. ಸುನಂದಾಳ ಕಡೆ ತಿರುಗಿ, "ನಂದೂ ತಪ್ಪಾತ್ರಿ" ಎಂದರು. ಅವಳು ಚೀಟಿ ತೆಗೆದುಕೊಂಡು ಹೊರಬಂದಳು.

ಅಂದಿನಿಂದ ಆ ಮನೆಯಲ್ಲಿ ಎರಡು ಒಲೆ. ಸುನಂದಾ ಮಾಳಿಗೆಯ ಕೋಣೆಯಲ್ಲಿ ಒಂದು ಸಣ್ಣ ಗ್ಯಾಸ್ ಇಟ್ಟುಕೊಂಡಳು. ಅವಳ ಮೊಣಕಾಲು ಈಗ ಮೆಟ್ಟಿಲಿಗೆ ತಕರಾರು ಮಾಡುತ್ತಿರಲಿಲ್ಲ. ಕೆಳಗೆ ಲಕ್ಕವ್ವ ತನಗೂ ಮಗನಿಗೂ ಬೇಯಿಸುವಳು. ಮುಪ್ಪಿನ ಮಣಿಕಟ್ಟು, ದಿನಾ ಆಗುತ್ತಿರಲಿಲ್ಲ. ಒಂದೊಂದು ದಿನ ಬಸಂತರಾಯ ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬರುವನು. ಅದನ್ನು ಬಾಯಿಗಿಟ್ಟು ಲಕ್ಕವ್ವ ಮಾಡಿದವರನ್ನು ಬೈಯುವುದು ಮಾಳಿಗೆಗೆ ಕೇಳಿಸುತ್ತಿತ್ತು. ಸುನಂದಾ ಇಳಿದು ಹೋಗಿ ಬಡಿದುಕೊಡಲಿಲ್ಲ. ಲಕ್ಕವ್ವ ಬೇಡಲೂ ಇಲ್ಲ.

ಒಮ್ಮೆ ಮಾತ್ರ, ಮೆಟ್ಟಿಲ ಬಳಿ ಎದುರಾದಾಗ ಸುನಂದಾ ನಿಂತಳು. "ಮಾವಾರ ಬಗ್ಗೆ ಆ ಮಾತ ಆಡಬಾರದಾಗಿತ್ತು. ಅದ ನನ್ನ ತಪ್ಪ."

"ಆಡಿ ಮುಗೀತಲ್ಲ" ಎಂದು ಲಕ್ಕವ್ವ ಗೋಡೆ ಹಿಡಿದು ದಾಟಿಹೋದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ತೂಕ ಅರವತ್ತೊಂಬತ್ತಕ್ಕೆ ಬಂತು. ಅವಳು ತಕ್ಕಡಿಯಿಂದ ಇಳಿದು ಮತ್ತೊಮ್ಮೆ ಹತ್ತಿ ನೋಡಿದಳು. ಯಾರಿಗಾದರೂ ಹೇಳಬೇಕೆನಿಸಿತು. ಕೆಳಗೆ ಇಬ್ಬರಿದ್ದರು. ಅವರಿಗೆ ಹೇಳಲಿಲ್ಲ, ಬಾಗೇವಾಡಿಯ ಮಂಜರಿ ಡಾಕ್ಟರಿಗೆ ಫೋನು ಮಾಡಿದಳು.

ಅದು ಹೇಗೋ ಬಸಂತರಾಯನಿಗೆ ಗೊತ್ತಾಯಿತು. ಅಂಗಡಿಗೆ ಹೋಗುವ ಮುನ್ನ ಮಾಳಿಗೆ ಹತ್ತಿ ಬಂದು ಬಾಗಿಲಲ್ಲಿ ನಿಂತ.

"ಅಂದಕೊಂಡಿದ್ದ ಆತಲ್ಲ. ಇನ್ನರೆ ಒಲಿ ಒಂದ ಮಾಡೂಣು."

"ಇಲ್ರಿ."

"ಅವ್ವನ ಮ್ಯಾಲ ಎಷ್ಟ ದಿನಾ ಸಿಟ್ಟ ಮಾಡತಿ?"

"ಅತ್ತಿ ಮ್ಯಾಲ ಏನಿಲ್ಲ. ನಾ ಚುಚ್ಚಿದೆ, ಅವ್ರ ಚುಚ್ಚಿದ್ರು. ನೀವ ನಕ್ಕಿದ್ದ ನನಗ ಮರಿಯಾಕ ಆಗವಲ್ದು."

ಬಸಂತರಾಯ ಇನ್ನೇನೋ ಹೇಳಲು ಬಾಯಿ ತೆರೆದ. ಕೆಳಗಿನಿಂದ ತೊಗರಿಯ ಲಾರಿ ಹಾರ್ನ್ ಹೊಡೆಯಿತು. ಇಳಿದು ಹೋದ.

ಸಂಜೆ ಸುನಂದಾ ಸಡಿಲಾದ ಕುಪ್ಪಸಗಳನ್ನು ಚೀಲಕ್ಕೆ ತುಂಬಿ ದರ್ಜಿ ನಬಿಲಾಲನ ಅಂಗಡಿಗೆ ಹೋದಳು. ವರ್ಷಗಳಿಂದ ಅವಳ ಅಳತೆ ಬಲ್ಲವನು ಅವನು. ಟೇಪು ಹಿಡಿದವನೇ ಕೈ ತಡೆದ.

"ಅಕ್ಕಾರ, ಆರಾಮ ಇಲ್ಲೇನ್ರಿ? ಭಾಳ ಇಳದೀರಿ."

"ಆರಾಮ ಅದೀನಿ" ಎಂದಳು ಸುನಂದಾ. "ಬಗಲಾಗ ಇನ್ನಷ್ಟ ಬಿಗಿ ಹಿಡೀರಿ."