ನಿನ್ನೆ ಬಂದಿದ್ದವಳು

ಗಂಡ ತೀರಿಕೊಂಡ ಮೇಲೆ ಬಂದ ವಿಮೆಯ ಹಣವನ್ನು ಮೈದುನನ ಕೈಗೆ ಒಪ್ಪಿಸಿ ನಿಶ್ಚಿಂತೆಯಾಗಿ ಇದ್ದುಬಿಡೋಣ ಎಂದು ಬ್ಯಾಂಕಿಗೆ ಹೋದ ದಿನವೇ ಕನ್ನಡಕದಕ್ಕ ಆ ಮಾತನ್ನು ಮೊದಲ ಸಲ ಕೇಳಿದ್ದು.

"ನಿನ್ನೆ ತಾನೇ ಬಂದಿದ್ರಲ್ಲ," ಎಂದಳು ಕೌಂಟರಿನ ಹೆಂಗಸು. "ನೀವು ಹೇಳಿದ ಹಾಗೇ ಇವತ್ತೂ ಬಂದ್ರಿ ನೋಡಿ."

"ನಾನು ನಿನ್ನೆ ಬಂದಿಲ್ವಲ್ಲ."

"ಅಯ್ಯೋ, ತಮಾಷೆ ಮಾಡ್ಬೇಡಿ. ಅಲ್ಲೇ ಕೂತಿದ್ರಿ, ಕಿಟಕಿ ಪಕ್ಕದ ಬೆಂಚಲ್ಲಿ. ಆಮೇಲೆ ಎದ್ದು ಬಂದು, 'ನಾಳೆ ನಾನೇ ಬಂದು ಇದ್ದಬದ್ದ ದುಡ್ಡೆಲ್ಲ ತೆಗೆದುಕೊಡಿ ಅಂತೀನಿ, ಕೊಡ್ಬೇಡಿ, ಒಂದು ವಾರ ತಡೀರಿ' ಅಂದ್ರಿ. ಇದೆಂಥ ಮಾತು ಅಂತ ನಂಗೂ ಆಶ್ಚರ್ಯ ಆಯ್ತು."

ಕನ್ನಡಕದಕ್ಕ ಕೌಂಟರಿನ ಮೇಲಿಟ್ಟ ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು. ಹಣ ತೆಗೆಯುವ ವಿಷಯವನ್ನು ಅವಳು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳಿದ್ದ ಬೀದಿಯಲ್ಲಿ ಎಲ್ಲರಿಗೂ ಅವಳು ಕನ್ನಡಕದಕ್ಕನೇ. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ನೀರು ತೊಟ್ಟಿಕ್ಕುವ ಚಕ್ರದ ಮುಂದೆ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವಳ ಬೆರಳಿಗೆ ತಿಳಿಯುತ್ತಿತ್ತು. ಆದರೆ ದುಡ್ಡಿನ ವಿಷಯ ಬಂದರೆ ಕೈ ಕಾಲು ಆಡುತ್ತಿರಲಿಲ್ಲ. ಸಂಬಳದ ದಿನ ಲಕೋಟೆಯನ್ನು ಒಡೆಯದೆ ಗಂಡನ ಕೈಗಿಡುತ್ತಿದ್ದಳು. "ನಿನಗ್ಯಾಕೆ ಈ ತಲೆನೋವು, ನಾನಿಲ್ವಾ" ಎನ್ನುತ್ತಿದ್ದ ಅವನು. ಪ್ರೀತಿಯಿಂದಲೇ ಅನ್ನುತ್ತಿದ್ದ, ಇವಳೂ ಪ್ರೀತಿಯೆಂದೇ ತಿಳಿದಿದ್ದಳು. ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಆಮೇಲೆ ವಿಮೆಯ ಹಣ ಬಂದು ಇವಳ ಹೆಸರಿನ ಖಾತೆಯಲ್ಲಿ ಬಿತ್ತು. ಯಾರೋ ಅಂಗಳದಲ್ಲಿ ಕಟ್ಟಿಹಾಕಿ ಹೋದ ದೊಡ್ಡ ನಾಯಿಯ ಹಾಗಿತ್ತು ಅದು. ಹತ್ತಿರ ಹೋಗಲೂ ಭಯ, ಬಿಟ್ಟಿರಲೂ ಭಯ.

ಅಷ್ಟರಲ್ಲಿ ಮೈದುನ ಬಂದಿದ್ದ. ಟೈಲ್ಸ್ ಅಂಗಡಿಯಲ್ಲಿ ಮಾರಾಟದವನು, ಮಾತಿನಲ್ಲೇ ಮನೆ ಕಟ್ಟುವಂಥವನು. "ನನ್ನ ಗೆಳೆಯರೊಬ್ಬರದು ಕಂಪನಿ ಇದೆ ಅತ್ತಿಗೆ. ಹಾಕಿದ್ದು ಎರಡೇ ವರ್ಷದಲ್ಲಿ ಡಬಲ್ ಆಗುತ್ತೆ. ಅಣ್ಣ ಇದ್ದಿದ್ರೆ ಮೊದಲು ಅವನೇ ಹಾಕ್ತಿದ್ದ," ಎಂದಿದ್ದ. ಅಣ್ಣನ ಹೆಸರು ಬಂದ ಮೇಲೆ ಕನ್ನಡಕದಕ್ಕನಿಗೆ ಎದುರಾಡಲು ಬಾಯಿ ಬಂದಿರಲಿಲ್ಲ.

ಈಗ ಕೌಂಟರಿನ ಮುಂದೆ ನಿಂತು ಅವಳು ತೊದಲಿದಳು. "ಬೇರೆ ಯಾರೋ ಇರ್ಬೇಕು. ಸರಿಯಾಗಿ ನೋಡಿದ್ರಾ?"

"ನೀವೇ ಕೂರಿಸಿಕೊಟ್ಟ ಗಾಜಲ್ಲಿ ನೋಡಿದ್ದು," ಎಂದಳು ಆಕೆ, ತನ್ನ ಕನ್ನಡಕ ಸರಿಮಾಡಿಕೊಳ್ಳುತ್ತ. "ಗಾಜಿನ ತಪ್ಪೋ ನನ್ನ ಕಣ್ಣಿನ ತಪ್ಪೋ ನೀವೇ ಹೇಳಿ."

ಕನ್ನಡಕದಕ್ಕ ಖಾತೆ ನೋಡಿಸಿದಳು. ಒಂದು ಬಿಡಿಕಾಸೂ ಆಚೀಚೆ ಆಗಿರಲಿಲ್ಲ. ಅಂಗಡಿಗೆ ಮರಳಿ, ನಿನ್ನೆ ನಾನು ಎಲ್ಲಾದರೂ ಹೊರಗೆ ಹೋಗಿದ್ದೆನೇ ಎಂದು ಯಜಮಾನರನ್ನು ಕೇಳಿದಳು. "ನೀನು ಹೊರಗೆ ಹೋಗಿದ್ದಿದ್ರೆ ಅಷ್ಟು ಕನ್ನಡಕ ಯಾರು, ನಿಮ್ಮಜ್ಜಿ ಬಂದು ಮಾಡಿದ್ಳಾ?" ಎಂದು ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಚಕ್ರದ ಮುಂದೆ ಕೂತರೆ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸಿ, ಅಂದು ಒಂದು ಗಾಜಿನ ಅಂಚು ಒಡೆಯಿತು.

ಬ್ಯಾಂಕಿನಾಕೆ ಮಾತ್ರ ಹೇಳಿದಂತೆ ತಡೆದಳು. "ಒಂದು ವಾರದಲ್ಲಿ ಭೂಮಿ ಮುಳುಗಿಹೋಗಲ್ಲ. ಅಲ್ಲೀವರೆಗೆ ನಿನ್ನೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಿ," ಎಂದಿದ್ದಳು. ಏನು ಕೇಳಿದ್ದೆ ಎಂದು ಕೇಳಲು ಕನ್ನಡಕದಕ್ಕನಿಗೆ ನಾಚಿಕೆಯಾಯಿತು. ಕೊನೆಗೆ ಮರುದಿನ ಮತ್ತೆ ಬ್ಯಾಂಕಿಗೆ ಹೋಗಿ ಕೇಳಿಯೇಬಿಟ್ಟಳು. ತಾನು ಆಡದ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿ ಕಲಿಯುವ ವಿಚಿತ್ರ ಪಾಠ ಹೀಗೆ ಶುರುವಾಯಿತು.

"ದುಡ್ಡು ಸುಮ್ಮನೆ ಖಾತೇಲಿ ಬಿದ್ದಿದ್ರೆ ಕರಗುತ್ತಾ ಅಂತ ಕೇಳಿದ್ರಿ. ಕರಗುತ್ತೆ ಅಂದೆ. ಅಂಕಿ ಅಷ್ಟೇ ಇರುತ್ತೆ, ಆದ್ರೆ ಸಾಮಾನಿನ ಬೆಲೆ ಏರ್ತಾ ಹೋಗುತ್ತಲ್ಲ, ಮಂಜುಗಡ್ಡೆ ಹಾಗೆ ಸದ್ದಿಲ್ಲದೆ ಇಳಿಯುತ್ತೆ. ಹಾಗಾದ್ರೆ ಎಲ್ಲಾ ಒಂದೇ ಕಡೆ ಇಡ್ಲಾ ಅಂದ್ರಿ. ಬೇಡ ಅಂತ ನೀವೇ ಹೇಳಿಕೊಂಡ್ರಿ."

ರಸ್ತೆಯಾಚೆ ಮೊದಲ ಮಹಡಿಯಲ್ಲಿ ಮ್ಯೂಚುಯಲ್ ಫಂಡಿನ ಕಚೇರಿಯಿತ್ತು. ಧೈರ್ಯ ಮಾಡಿ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಮೇಜಿನ ಹಿಂದಿದ್ದ ಹುಡುಗಿ ಎದ್ದು ನಿಂತಳು. "ಬನ್ನಿ ಮೇಡಂ. ನಿನ್ನೆ ನೀವು ಹೋದ್ಮೇಲೆ ನಮ್ಮ ಮ್ಯಾನೇಜರು ಬೆವರು ಒರೆಸ್ಕೊಂಡ್ರು."

"ಯಾಕಮ್ಮ, ನಾನೇನಂದೆ?"

"ಇದರಲ್ಲಿ ನನಗೇನು ಸಿಗುತ್ತೆ ಅಂತ ಎಲ್ಲರೂ ಕೇಳ್ತಾರೆ, ನಿಮಗೇನು ಸಿಗುತ್ತೆ ಹೇಳಿ ಅಂದ್ರಲ್ಲ. ಕಮಿಷನ್ ಎಷ್ಟು ಅಂತ ಬಾಯಿಬಿಡಿಸಿದ್ರಿ. ಈ ಫಂಡು ಅರ್ಧಕ್ಕೆ ಬಿದ್ದುಹೋದ್ರೆ ನಾನು ಎಷ್ಟು ವರ್ಷ ಕಾಯ್ಬೇಕು ಅಂದ್ರಿ. ಅವರು ಫಂಡಿನ ಪುಸ್ತಕ ಹಿಂದೆ ಮುಂದೆ ತಿರುವುತ್ತಾ ಕೂತ್ರು."

ಕನ್ನಡಕದಕ್ಕ ಕುರ್ಚಿಯ ತುದಿಯಲ್ಲಿ ಕೂತಳು. "ಇನ್ನೊಂದ್ಸಲ ಹೇಳಮ್ಮ. ನಿಧಾನವಾಗಿ ಹೇಳು."

ಹುಡುಗಿ ಹೇಳಿದಳು. ಕೆಲಸ ಹೋದರೂ ಆರು ತಿಂಗಳು ಮನೆ ನಡೆಯುವಷ್ಟು ಹಣ ಮೊದಲು ಕೈಗೆ ಸಿಗುವಂತಿರಬೇಕು. ಹತ್ತಿರದಲ್ಲಿ ಬೇಕಾಗುವ ಹಣವನ್ನು ಏರಿಳಿಯುವ ಕಡೆ ಹಾಕಬಾರದು. ಬಹಳ ವರ್ಷ ಮುಟ್ಟದ ಹಣವಿದ್ದರೆ ಒಟ್ಟಿಗೆ ಸುರಿಯದೆ ತಿಂಗಳಿಗಿಷ್ಟು ಎಂದು ಹಾಕುತ್ತ ಹೋಗಬಹುದು. ಬೆಲೆ ಬಿದ್ದಾಗ ಹೆದರಿ ಮಾರಿದವರೇ ಹೆಚ್ಚು ಕಳೆದುಕೊಳ್ಳುವುದು. ಇದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಇಷ್ಟು ವರ್ಷ ಯಾರೂ ತನಗೆ ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ ಎಂಬುದೇ ಅವಳಿಗೆ ಗುಟ್ಟಿನಂತೆ ಕಂಡಿತು.

ಮೊದಮೊದಲು ಅವಳು ಭಯಕ್ಕೇ ಕಲಿತಳು. ಇನ್ನೊಬ್ಬಳು ತನ್ನ ಮುಖ ಹೊತ್ತು ಊರೆಲ್ಲ ತಿರುಗಿ ಜಾಣೆ ಎನಿಸಿಕೊಳ್ಳುತ್ತಿರುವಾಗ, ಮರುದಿನ ಹೋದ ತಾನು ಪೆದ್ದಿಯ ಹಾಗೆ ನಿಲ್ಲಬಾರದಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಗಾಜು ಸುತ್ತಿಬರುವ ಕಾಗದದ ಮೇಲೆ ಬಡ್ಡಿಯ ಲೆಕ್ಕ ಹಾಕಿದಳು. ತಪ್ಪಾದರೆ ಹರಿದೆಸೆದು ಮತ್ತೆ ಹಾಕಿದಳು. ದಿನಪತ್ರಿಕೆಯಲ್ಲಿ ಇಷ್ಟು ವರ್ಷ ಮಡಿಸಿ ಪಕ್ಕಕ್ಕಿಡುತ್ತಿದ್ದ ಪುಟವನ್ನು ಬಿಡಿಸಿ ಓದಿದಳು. ಒಂದು ವಾರ ಎಂದಿದ್ದದ್ದು ತಿಂಗಳಾಯಿತು. ಮೈದುನನಿಗೆ ನಾಳೆ ನಾಡಿದ್ದು ಎನ್ನುತ್ತ ಬಂದಳು.

ಆದರೆ ಎಲ್ಲಿ ಹೋದರೂ ಅವಳು ಒಂದು ದಿನ ತಡವಾಗಿಯೇ ತಲುಪುತ್ತಿದ್ದಳು. ಅಂಚೆ ಕಚೇರಿಯಲ್ಲಿ, ವಿಮೆ ಕಚೇರಿಯಲ್ಲಿ, ಎಲ್ಲ ಕಡೆ "ನಿನ್ನೆ ಹೇಳಿದ್ದೆನಲ್ಲ" ಎನ್ನುವವರೇ. ಒಮ್ಮೆ ಅಂಚೆ ಕಚೇರಿಯ ಕುರ್ಚಿಯ ಮೇಲೆ ತನ್ನದೇ ಬೂದು ಶಾಲು ಮಡಿಸಿಟ್ಟಿತ್ತು. "ಬಿಟ್ಟು ಹೋಗಿದ್ರಿ," ಎಂದು ಗುಮಾಸ್ತ ಕೊಟ್ಟ. ಅವಳ ಹೆಗಲ ಮೇಲೆ ಆಗಲೇ ಬೂದು ಶಾಲು ಇತ್ತು. ಎರಡರಲ್ಲೂ ಒಂದೇ ಮೂಲೆಯಲ್ಲಿ ಒಂದೇ ಬಣ್ಣದ ದಾರದ ಹೊಲಿಗೆ. ಗುಮಾಸ್ತ ಕೊಟ್ಟದ್ದನ್ನು ಅವಳು ಮುಟ್ಟದೆ ಬಂದುಬಿಟ್ಟಳು.

ಆ ವಾರ ಅವಳಿಗೆ ಜ್ವರ ಬಂತು. ಇಡೀ ಒಂದು ದಿನ ಹೊದ್ದು ಮಲಗಿದ್ದಳು, ನೀರು ಕುಡಿಯಲು ಬಿಟ್ಟರೆ ಎದ್ದಿರಲಿಲ್ಲ. ಮರುದಿನ ಬೆಳಿಗ್ಗೆ ಮೈದುನ ಬಾಗಿಲು ಬಡಿದ. ಮುಖ ಕೆಂಡವಾಗಿತ್ತು.

"ಏನತ್ತಿಗೆ ಇದು? ನನಗೆ ಮಾನ ಮರ್ಯಾದೆ ಇಲ್ವಾ? ನಿನ್ನೆ ಅಂಗಡಿಗೆ ಬಂದು, ಗಿರಾಕಿಗಳ ಮುಂದೆ, 'ಆ ಕಂಪನಿ ಎಲ್ಲಿ ನೋಂದಣಿ ಆಗಿದೆ ತೋರ್ಸು, ನೀನು ಎಷ್ಟು ಹಾಕಿದ್ದೀಯ, ವಾಪಸ್ ಕೇಳಿ ನೋಡಿದ್ದೀಯಾ' ಅಂತ ಕೇಳೋದಾ? ಕೇಳೋದಿದ್ರೆ ಮನೇಲಿ ಕೇಳ್ಬಹುದಿತ್ತಲ್ಲ?"

ನಾನು ಬಂದಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಆಗ ಕಣ್ಣು ಬಾಗಿಲ ಪಕ್ಕ ಕಳಚಿಟ್ಟ ತನ್ನ ಚಪ್ಪಲಿಯ ಮೇಲೆ ಬಿತ್ತು. ಎರಡರ ಮೇಲೂ ಬಿಳಿ ಪುಡಿ ಹರಡಿತ್ತು, ಟೈಲ್ಸ್ ಕೊಯ್ದಾಗ ಏಳುವಂಥ ನುಣುಪು ಪುಡಿ. ಅವಳು ಬಗ್ಗಿ ಮುಟ್ಟಿದಳು, ಪುಡಿ ಬೆರಳಿಗೆ ಅಂಟಿತು.

ಇಲ್ಲವೆಂದರೆ ಇವನು ನಂಬುವುದಿಲ್ಲ. ನಂಬಿದರೂ ಅತ್ತಿಗೆಗೆ ತಲೆ ಕೆಟ್ಟಿದೆ, ದುಡ್ಡು ತನ್ನ ಕೈಯಲ್ಲಿರುವುದೇ ಒಳ್ಳೆಯದು ಎನ್ನುತ್ತಾನೆ. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಆ ಪ್ರಶ್ನೆಗಳಲ್ಲಿ ತಪ್ಪೇನಿದೆ?

"ಹೌದು, ಕೇಳ್ದೆ," ಎಂದಳು. ಸ್ವಂತ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಗಿರಾಕಿಗಳ ಮುಂದೆ ಕೇಳಿದ್ದು ತಪ್ಪಿರಬಹುದು. ಈಗ ಮನೇಲೇ ಕೇಳ್ತೀನಿ. ಎಷ್ಟು ಹಾಕಿದ್ದೀಯ?"

ಮೈದುನ ಸ್ವಲ್ಪ ಹೊತ್ತು ಕೂಗಾಡಿದ. ಆಮೇಲೆ ಗಾಳಿ ಹೋದ ಚೆಂಡಿನ ಹಾಗೆ ಕುರ್ಚಿಯಲ್ಲಿ ಕುಸಿದ. ಉಳಿತಾಯವೆಲ್ಲ ಹಾಕಿದ್ದ, ಹೆಂಡತಿಯ ಬಳೆಯನ್ನೂ ಅಡವಿಟ್ಟು ಹಾಕಿದ್ದ. ಎರಡು ತಿಂಗಳು ಬಡ್ಡಿ ಕೊಟ್ಟರು, ಆಮೇಲೆ ನಿಲ್ಲಿಸಿದರು. "ಇನ್ನೊಬ್ಬರನ್ನ ಕರ್ಕೊಂಡು ಬಂದ್ರೆ ನಿನ್ನದು ವಾಪಸ್ ಕೊಡ್ತೀವಿ ಅಂದ್ರು ಅತ್ತಿಗೆ. ನನಗೆ ಬೇರೆ ದಾರಿ ಕಾಣ್ಲಿಲ್ಲ."

"ನನ್ನನ್ನ ಬಾವಿಗೆ ತಳ್ಳಿ ನೀನು ಮೇಲೆ ಬರೋದಾ?"

ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅವಳಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದ ಹುಡುಗ ಇವನು, ಇವಳ ಕೈಯಡುಗೆ ತಿಂದು ಬೆಳೆದವನು. "ಏಳು. ಮುಖ ತೊಳ್ಕೋ. ಹೋಗಿ ಕೇಳೋಣ," ಎಂದಳು.

ಆ ಕಂಪನಿ ಎಂಬುದು ಪೀಠೋಪಕರಣದ ಮಳಿಗೆಯ ಮೇಲಿನ ಎರಡು ಕೋಣೆ. ಗೋಡೆ ತುಂಬ ಚಿನ್ನದ ಬಣ್ಣದ ಚೌಕಟ್ಟಿನ ಚಿತ್ರ, ಹೊರಗೆ ಕಾಯುತ್ತಿದ್ದ ಆರೇಳು ಜನ. ಒಳಗೆ ಕೂತಿದ್ದ ಚೂಪು ಮೀಸೆಯವನು ಮೈದುನನ ಹಿಂದೆ ನಿಂತ ಅವಳನ್ನು ನೋಡಿ, "ಇವರು ಯಾರು?" ಎಂದ.

ಕನ್ನಡಕದಕ್ಕನಿಗೆ ಕತ್ತಲೆಯಲ್ಲಿ ಒಂದು ಮೆಟ್ಟಿಲು ತಪ್ಪಿದ ಹಾಗಾಯಿತು. ಇಷ್ಟು ದಿನ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಇಲ್ಲಿಗೆ ನಿನ್ನೆ ಯಾರೂ ಬಂದಿಲ್ಲ. ಯಾರೂ ಮುಂದಾಗಿ ಕೇಳಿ, ದಾರಿ ಮಾಡಿಟ್ಟು ಹೋಗಿಲ್ಲ. ಮೈದುನ ನೆಲ ನೋಡುತ್ತಿದ್ದ.

"ನಾನು ಇವನ ಅತ್ತಿಗೆ," ಎಂದಳು. "ದುಡ್ಡು ಹಾಕೋಣ ಅಂತ ಬಂದಿದ್ದೀನಿ. ಅದಕ್ಕೆ ಮುಂಚೆ ಇವನದು ವಾಪಸ್ ಕೊಡಿ. ಕೊಡ್ತೀರಿ ಅನ್ನೋದು ನಂಗೂ ಗೊತ್ತಾಗ್ಬೇಕಲ್ಲ."

"ಹಾಗೆಲ್ಲ ನಿಯಮ ಇಲ್ಲ."

"ಯಾವ ನಿಯಮ ಇದೆ? ಕಂಪನಿ ನೋಂದಣಿ ಕಾಗದ ತೋರಿಸಿ. ದುಡ್ಡನ್ನ ಯಾವ ವ್ಯಾಪಾರದಲ್ಲಿ ಹಾಕಿ ಡಬಲ್ ಮಾಡ್ತೀರಿ, ಅದನ್ನಾದ್ರೂ ಹೇಳಿ." ಅವಳು ಬಾಗಿಲು ಪೂರ್ತಿ ತೆರೆದಿಟ್ಟೇ ಮಾತಾಡುತ್ತಿದ್ದಳು. ಹೊರಗಿದ್ದವರು ಒಬ್ಬೊಬ್ಬರಾಗಿ ಎದ್ದು ಹೊಸಿಲ ಬಳಿ ಬಂದು ನಿಂತರು. "ನಂಗೂ ಅದೇ ಕೇಳ್ಬೇಕಿತ್ತು," ಎಂದಿತು ಹಿಂದಿನಿಂದ ಒಂದು ದನಿ.

ಮೀಸೆಯವನ ನಗು ಬತ್ತಿತು. ಆ ಬಾಗಿಲು ಮುಚ್ಚಿಸಲು ಅವನು ಏನು ಬೇಕಾದರೂ ಕೊಡುವಂತಿದ್ದ. ಮೈದುನನಿಗೆ ಅರ್ಧದಷ್ಟು ಅಲ್ಲೇ ಸಿಕ್ಕಿತು. ಬಳೆ ಬಿಡಿಸಲು ಅಷ್ಟು ಸಾಕಾಯಿತು. ಉಳಿದರ್ಧಕ್ಕೆ ಅವನೂ ಹೊರಗಿದ್ದವರೂ ಸೇರಿ ಪೊಲೀಸರಿಗೆ ದೂರು ಕೊಟ್ಟರು. ಅದು ಇನ್ನೂ ಬಂದಿಲ್ಲ, ಬರುತ್ತದೆಂದು ಯಾರೂ ನಂಬಿಯೂ ಇಲ್ಲ.

ಮಾರನೆಯ ವಾರ ಕನ್ನಡಕದಕ್ಕ ತನ್ನ ಹಣಕ್ಕೆ ವ್ಯವಸ್ಥೆ ಮಾಡಲು ಬ್ಯಾಂಕಿಗೆ ಹೋದಳು. ಎಷ್ಟು ಕೈಯಲ್ಲಿರಬೇಕು, ಎಷ್ಟು ಠೇವಣಿಗೆ, ತಿಂಗಳು ತಿಂಗಳು ಫಂಡಿಗೆ ಎಷ್ಟು, ಎಲ್ಲ ಅವಳ ತಲೆಯಲ್ಲಿತ್ತು. ಮಧ್ಯಾಹ್ನದ ಹೊತ್ತು, ಜನ ಕಿಕ್ಕಿರಿದಿದ್ದರು. ಕಿಟಕಿ ಪಕ್ಕದ ಬೆಂಚಿನಲ್ಲಿ ಮಾತ್ರ ಜಾಗವಿತ್ತು. ಟೋಕನ್ ಹಿಡಿದು ಹೋಗಿ ಕೂತ ಮೇಲೆ ಪಕ್ಕದಲ್ಲಿದ್ದವಳ ಕಡೆ ನೋಡಿದಳು.

ಅದೇ ಬೂದು ಶಾಲು. ಬೆರಳ ತುದಿಯಲ್ಲಿ ಗಾಜು ಉಜ್ಜಿ ಉಜ್ಜಿ ಸವೆದ ಅದೇ ಚರ್ಮ. ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಕೈಗಳನ್ನಷ್ಟೇ ನೋಡಿದಳು. ಮಡಿಲಲ್ಲಿದ್ದ ಚೀಲವನ್ನು ಬಿಗಿಯಾಗಿ ಹಿಡಿದ ಆ ಕೈಗಳು ಗಡಗಡ ನಡುಗುತ್ತಿದ್ದವು. ಮ್ಯಾನೇಜರಿಗೆ ಬೆವರಿಳಿಸಿದ ಹೆಂಗಸಿನ ಕೈಗಳು ಇವು. ಒಂದು ದಿನ ಮುಂಚೆ, ಒಬ್ಬಳೇ ಹೋಗಿ, ಪ್ರತಿಸಲವೂ ಹೀಗೇ ನಡುಗುತ್ತ ಕೂತಿದ್ದಳೇನೋ ಇವಳು. ಕನ್ನಡಕದಕ್ಕ ತನ್ನ ಕೈಯನ್ನು ಆ ಕೈಯ ಮೇಲಿಟ್ಟಳು. ಅದು ಚಕ್ರದ ನೀರಿನಷ್ಟು ತಣ್ಣಗಿತ್ತು.

ಟೋಕನ್ ಸಂಖ್ಯೆ ಕೂಗಿದರು. ಕನ್ನಡಕದಕ್ಕ ಎದ್ದು ಕೌಂಟರಿಗೆ ಹೋದಳು.

ಕೌಂಟರಿನ ಹೆಂಗಸು ಅವಳ ಭುಜದಾಚೆ ಕತ್ತು ಚಾಚಿ ನೋಡಿದಳು. "ನಿಮಗೆ ಒಬ್ಬರು ಅಕ್ಕ ಇದ್ದಾರೆ ಅಂತ ಹೇಳೇ ಇರ್ಲಿಲ್ವಲ್ಲ?"

"ಇದ್ದಾರೆ," ಎಂದಳು ಕನ್ನಡಕದಕ್ಕ. ತಿರುಗಿ ನೋಡಲಿಲ್ಲ. "ಮೊದಲು ಠೇವಣಿಯ ಬಡ್ಡಿ ಎಷ್ಟು ಹೇಳಿ. ನಡುವೆ ಮುರಿದ್ರೆ ಎಷ್ಟು ಹಿಡ್ಕೋತೀರಿ ಅದನ್ನೂ ಹೇಳಿ."

ಕೆಲಸ ಮುಗಿಸಿ ರಸೀದಿ ಮಡಿಸಿಕೊಂಡು ತಿರುಗಿದಾಗ ಬೆಂಚು ಖಾಲಿಯಿತ್ತು. ಬ್ಯಾಂಕಿನ ತುಂಬ ಜನ, ನಿಲ್ಲಲೂ ಜಾಗವಿಲ್ಲ. ಕೋಲೂರಿಕೊಂಡ ಒಬ್ಬ ಮುದುಕ ಆ ಬೆಂಚಿನವರೆಗೆ ಹೋದ, ಕೂರಲು ಬಗ್ಗಿದ. ಯಾಕೋ ತಡೆದ. "ಕ್ಷಮಿಸಮ್ಮ," ಎಂದು ಯಾರಿಗೋ ಹೇಳಿ, ಹಾಗೇ ಗೋಡೆಗೆ ಒರಗಿ ನಿಂತುಕೊಂಡ.