ಅಡ್ಡ ಹೋಗುವ ಚಾಕು

ಬಸ್ಸಿನ ಸೀಟು ಹೊಲಿಯುವ ಆ ಶೆಡ್ಡಿನಲ್ಲಿ ಹನ್ನೊಂದು ಜನ, ಹನ್ನೊಂದು ಮಡಚುವ ಚಾಕು. ಡಿಪೋದವರು ಕೊಟ್ಟಿದ್ದ ಕತ್ತಿಗಳು ಗೋಡೆಯ ಮೊಳೆಗೆ ನೇತುಬಿದ್ದು ತುಕ್ಕು ಹಿಡಿಯುತ್ತಿದ್ದವು. ರೆಕ್ಸಿನ್ ಕತ್ತರಿಸಲಿ, ಫೋಮು ಸೀಳಲಿ, ಹಳೇ ಹೊಲಿಗೆ ಬಿಚ್ಚಲಿ, ಎಲ್ಲರ ಕೈಯೂ ತಂತಮ್ಮ ಜೇಬಿಗೇ ಹೋಗುತ್ತಿತ್ತು. ಊಟದ ಹೊತ್ತಿನಲ್ಲಿ ಮಾತೂ ಅದರದ್ದೇ. ಫೋರ್‌ಮನ್ನನ ಚಾಕು ಗೋಂದಿನ ಡಬ್ಬಿಯ ಜೊತೆ ಪುಕ್ಕಟೆ ಬಂದದ್ದು. "ಒಂದು ವಾರ ಬಂದರೆ ಹೆಚ್ಚು ಅಂದ್ಕೊಂಡಿದ್ದೆ, ಎಂಟು ವರ್ಷ ಆಯ್ತು ನೋಡ್ರಪ್ಪಾ" ಎಂದು ಅವನು ಹೇಳದ ದಿನವಿಲ್ಲ. ಕಿಟಕಿಯ ಚಾಕು ಚರಂಡಿ ಪಕ್ಕ ಬಿದ್ದಿದ್ದದ್ದು, ಹಿಡಿಯೇ ಇರಲಿಲ್ಲ. ಅವನು ರೆಕ್ಸಿನ್ ಚೂರು ಸುತ್ತಿ ಹಿಡಿ ಮಾಡಿಕೊಂಡಿದ್ದ. "ನೋಡಿ ಮಾಡಿ ಆರಿಸಿ ತಂದಿದ್ದು ಹೆಂಡತಿ, ಬೀದೀಲಿ ಬಿದ್ದು ಸಿಕ್ಕಿದ್ದು ಚಾಕು. ಯಾವುದು ಮಾತು ಕೇಳುತ್ತೆ ಅಂತ ಕೇಳಬೇಡಿ" ಎನ್ನುತ್ತಿದ್ದ.

ಕಿಟಕಿ ಎಂದರೆ ಮನುಷ್ಯ. ಕತ್ತರಿಸುವ ಮೇಜಿನ ಎಡತುದಿಯಲ್ಲಿ, ಕಿಟಕಿಯ ಪಕ್ಕದಲ್ಲಿ, ಹದಿನೆಂಟು ವರ್ಷ ನಿಂತು ನಿಂತು ಬಂದ ಹೆಸರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಹನ್ನೊಂದನೆಯ ಚಾಕು ಸೊಸೆಯದು. ಅದನ್ನು ಯಾರೂ ಹೊಗಳುತ್ತಿರಲಿಲ್ಲ, ಸೊಸೆಯಂತೂ ಮೊದಲೇ ಇಲ್ಲ.

ಅವಳ ಮಾವ ಅದೇ ಮೇಜಿನಲ್ಲಿ ಮೂವತ್ತೊಂದು ವರ್ಷ ರೆಕ್ಸಿನ್ ಕತ್ತರಿಸಿ ನಿವೃತ್ತರಾದವರು. ಹಾಗಾಗಿ ಬಂದ ದಿನದಿಂದಲೂ ಅವಳು ಎಲ್ಲರಿಗೂ ಸೊಸೆ. ಮೊದಲಿದ್ದ ಟೈಲರ್ ಅಂಗಡಿ ಮುಚ್ಚಿ ಎರಡು ವರ್ಷ ಮನೆಯಲ್ಲಿ ಕೂತಿದ್ದಳು. ಬೆಳಿಗ್ಗೆ ಗಂಡ ಪಂಪು ರಿಪೇರಿಗೆ ಹೋದ ಮೇಲೆ ಸಂಜೆಯವರೆಗೂ ಗೋಡೆ ನೋಡುವುದು ಬಿಟ್ಟರೆ ಕೆಲಸವಿರಲಿಲ್ಲ. ಇನ್ನೊಂದು ವರ್ಷ ಹೀಗೇ ಕೂತರೆ ತಲೆ ಕೆಡುತ್ತದೆ ಅನ್ನಿಸಿದ್ದರಿಂದ ಶೆಡ್ಡಿನಲ್ಲಿ ಜಾಗ ಖಾಲಿ ಎಂದು ಕೇಳಿದ ದಿನವೇ ಹೋಗಿ ಫೋರ್‌ಮನ್ನನನ್ನು ಕಂಡಿದ್ದಳು. ಅವನು ನಿಯಮ ಹೇಳಿದ. ಮೂರು ತಿಂಗಳು ಕಲಿಯಬೇಕು. ಕೊನೆಯ ದಿನ ಒಂದು ಸೀಟಿನ ಎಂಟು ತುಂಡುಗಳನ್ನು ಒಂದು ಗಂಟೆಯೊಳಗೆ ಕತ್ತರಿಸಿ ತೋರಿಸಬೇಕು. ಒಂದು ಕೆಟ್ಟರೂ ಮನೆಗೆ. ಅವಳಿಗಿಂತ ಮುಂಚೆ ಬಂದ ಇಬ್ಬರು ಹಾಗೆಯೇ ಮನೆಗೆ ಹೋಗಿದ್ದರು.

ಸುದ್ದಿ ಕೇಳಿ ಮಾವ ಆಡಿದ್ದು ಒಂದೇ ಮಾತು: "ಅಲ್ಲಿ ನಿಲ್ಲೋಕೆ ಸೊಂಟ ಗಟ್ಟಿ ಇರಬೇಕು."

ಮದುವೆಯಾದ ಒಂಬತ್ತು ವರ್ಷದಲ್ಲಿ ಅವರು ಅವಳೊಡನೆ ಆಡಿದ ಮಾತುಗಳನ್ನೆಲ್ಲ ಒಂದು ಬಸ್ ಟಿಕೇಟಿನ ಹಿಂದೆ ಬರೆಯಬಹುದಿತ್ತು. ಈ ಮಾತಿನ ಅರ್ಥ ಹೋಗಬೇಡ ಎಂದೇ ಅವಳು ತಿಳಿದುಕೊಂಡಳು. ಕೆಲಸಕ್ಕೆ ಹೊರಟ ದಿನ ನೋಡಿದರೆ ಊಟದ ಡಬ್ಬಿಯ ಪಕ್ಕ ಪೇಪರಿನಲ್ಲಿ ಸುತ್ತಿದ ಒಂದು ಮಡಚುವ ಚಾಕು. ಮುರಿದ ಗರಗಸದ ಅಲಗನ್ನು ಉಜ್ಜಿ ಮಾಡಿದ್ದು, ಮರದ ಹಿಡಿ, ಎರಡು ಹಿತ್ತಾಳೆ ಮೊಳೆ. ಮಾವ ಆಗಲೇ ವಾಕಿಂಗಿಗೆ ಹೋಗಿಯಾಗಿತ್ತು.

"ಹೊಸದು ತಗೋತೀನಿ ಅಂದಿದ್ನಲ್ಲ. ಇದೇನ್ರೀ ಗುಜರಿ ಸಾಮಾನು?" ಎಂದಳು ಗಂಡನಿಗೆ.

"ಬೇಡ ಅಂದ್ರೆ ನೀನೇ ಹೋಗಿ ಅಪ್ಪನ ಕೈಗೆ ವಾಪಸ್ ಕೊಡು. ನನ್ನನ್ನ ಮಧ್ಯೆ ಎಳೀಬೇಡ."

ಅಷ್ಟು ಧೈರ್ಯ ಅವಳಿಗೂ ಇರಲಿಲ್ಲ.

ಮೊದಲ ದಿನವೇ ಚಾಕುವಿನ ಗುಣ ಗೊತ್ತಾಯಿತು. ಉಕ್ಕಿನ ಪಟ್ಟಿಗೆ ಅಲಗು ಆನಿಸಿ ಎಳೆದರೆ ಒಂದು ಗೇಣು ನೆಟ್ಟಗೆ ಬಂದು, ಆಮೇಲೆ ಹಟಮಾರಿ ಎತ್ತಿನ ಹಾಗೆ ಪಟ್ಟಿ ಬಿಟ್ಟು ಬಲಕ್ಕೆ ತಿರುಗುತ್ತಿತ್ತು.

"ಚಾಕು ಸರಿ ಇಲ್ಲ" ಎಂದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದ ಕಿಟಕಿ, ತಲೆ ಎತ್ತದೆ.

"ಹಾಗಾದ್ರೆ ತಗೊಳ್ಳಿ, ನೀವೇ ಕುಣೀರಿ."

ಅವನು ತೆಗೆದುಕೊಂಡು ಎಳೆದ. ಅವನ ಕೈಯಲ್ಲೂ ಬಲಕ್ಕೆ ತಿರುಗಿತು. ಅಲಗನ್ನು ಬೆಳಕಿಗೆ ಹಿಡಿದು ನೋಡಿದ. "ತಾಯೀ, ನೆಲಾನೂ ಡೊಂಕೇ ಇದೆ!" ಶೆಡ್ಡಿಗೆ ಶೆಡ್ಡೇ ನಕ್ಕಿತು. ನಗು ನಿಂತ ಮೇಲೆ ಅವನು ದನಿ ಇಳಿಸಿದ. "ಒಂದೇ ಮಗ್ಗುಲು ಮಸೆದಿದ್ದಾರೆ ನಿನ್ನ ಮಾವ. ಒಂದು ಕಾಲದಲ್ಲಿ ಅವರು ಮಸೆದ ಚಾಕು ಅಂದ್ರೆ, ಮೇಲೆ ನೊಣ ಕೂತ್ರೆ ಎರಡು ನೊಣ ಹಾರೋವು. ವಯಸ್ಸಾಯ್ತು, ಕಣ್ಣು ಕಾಣಲ್ಲ ಅನ್ಸುತ್ತೆ. ಹೋಗ್ಲಿ, ಅವರಿಗೆ ಹೇಳೋಕೆ ಹೋಗ್ಬೇಡ."

ಅವಳು ಹೇಳಲಿಲ್ಲ. ಹೊಸ ಚಾಕು ಕೊಳ್ಳುವುದು ಕಷ್ಟವಿರಲಿಲ್ಲ. ಆದರೆ ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾವನ ಕಣ್ಣು ಅವಳ ಜೇಬಿನ ಮೇಲೆ ಇರುತ್ತಿತ್ತು. ಜೇಬಿನಲ್ಲಿ ಬೇರೆ ಚಾಕು ಕಂಡರೆ ಮುದುಕರಿಗೆ ಎಲ್ಲ ಅರ್ಥವಾಗಿಬಿಡುತ್ತದೆ. ಮೂವತ್ತೊಂದು ವರ್ಷ ಕೈಯನ್ನೇ ನಂಬಿ ಬದುಕಿದವರಿಗೆ ಕೈ ಹೋಯಿತು ಎಂದು ಹೇಳುವ ಕೆಲಸ ಅವಳಿಗೆ ಬೇಡವಾಗಿತ್ತು. ಗಂಡನ ಮೂಲಕ ಇಷ್ಟು ಮಾತ್ರ ಹೇಳಿಸಿದಳು: ಸ್ವಲ್ಪ ಮೊಂಡಾಗಿದೆಯಂತೆ, ಮಸೆದು ಕೊಡಬೇಕಂತೆ.

ಮಾವ ಮಸೆದು ಕೊಟ್ಟರು. ಮರುದಿನ ಚಾಕು ಇನ್ನೂ ಬೇಗ ಬಲಕ್ಕೆ ತಿರುಗಿತು. ಮತ್ತೆ ಹೇಳಿಸಿದಳು. ಮತ್ತೆ ಮಸೆದರು. ಈಗ ಅರ್ಧ ಗೇಣೂ ನೆಟ್ಟಗೆ ಹೋಗದು. ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ ಅವಳು ಕೆಡಿಸಿದ ತುಂಡುಗಳಿಂದ ಫೋರ್‌ಮನ್ ತನ್ನ ಸ್ಕೂಟರಿಗೆ ಎರಡು ಸೀಟು ಕವರು ಹೊಲಿಸಿಕೊಂಡಿದ್ದ.

"ಅಮ್ಮಾ ಸೊಸೆ, ನನಗೆ ಇರೋದು ಒಂದೇ ಸ್ಕೂಟರು" ಎಂದ ಒಂದು ದಿನ. ಪರೀಕ್ಷೆಗೆ ಹತ್ತು ದಿನವಿತ್ತು.

ಪರೀಕ್ಷೆಯ ಹಿಂದಿನ ಭಾನುವಾರ ಅಡುಗೆಮನೆಯ ಕಪಾಟು ಒರೆಸಿ, ಶೆಡ್ಡಿನಿಂದ ತಂದಿದ್ದ ಕೆಟ್ಟ ತುಂಡುಗಳನ್ನು ಅದಕ್ಕೆ ಹಾಸಲು ಕೂತಳು. ನಾಳೆ ಹೇಗೂ ಮನೆಗೆ ಕಳಿಸುತ್ತಾರೆ, ಕಪಾಟಾದರೂ ಚೆನ್ನಾಗಿರಲಿ ಎಂಬ ಲೆಕ್ಕ. ನೆಲದ ಮೇಲೆ ರೆಕ್ಸಿನ್ ಹರಡಿ, ಪಟ್ಟಿ ಇಲ್ಲದ್ದರಿಂದ ಹಲಗೆಯೊಂದನ್ನು ಒತ್ತಿ ಹಿಡಿದು, ಚಾಕು ಎಳೆದಳು.

ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಈ ತುದಿಯಿಂದ ಆ ತುದಿಗೆ, ನೂಲು ಹಿಡಿದ ಹಾಗೆ ನೇರ.

ಇನ್ನೊಂದು ಎಳೆದಳು. ಅದೂ ನೇರ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದ ಮಾವ ಒರೆಸುವುದನ್ನು ನಿಲ್ಲಿಸಿರಲಿಲ್ಲ, ಆದರೆ ಕನ್ನಡಕ ಆಗಲೇ ಸ್ವಚ್ಛವಾಗಿತ್ತು.

"ಮಾವ, ಇದು ಈಗ ನೆಟ್ಟಗೆ ಹೋಯ್ತು."

"ಹೋಗದೆ ಇನ್ನೇನು ಮಾಡುತ್ತೆ?"

"ಶೆಡ್ಡಲ್ಲಿ ಹೋಗಲ್ಲ. ಬಲಕ್ಕೆ ಎಳೆಯುತ್ತೆ."

ಮಾವ ಕನ್ನಡಕ ಹಾಕಿಕೊಂಡರು. "ಅಲ್ಲಿ ಯಾವ ಕೈಲಿ ಹಿಡೀತೀಯ?"

ಅವಳು ತನ್ನ ಕೈ ನೋಡಿಕೊಂಡಳು. ಚಾಕು ಎಡಗೈಯಲ್ಲಿತ್ತು. "ಬಲಗೈಲಿ."

"ಯಾಕೆ?"

ಶಾಲೆಯಲ್ಲಿ ಟೀಚರು ಎಡಗೈ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಬಲಗೈಗೆ ಪೆನ್ಸಿಲ್ ಕೊಟ್ಟಿದ್ದರು. ಟೈಲರ್ ಅಂಗಡಿಯ ಕತ್ತರಿಗಳೆಲ್ಲ ಬಲಗೈಯವು. ಮನೆಯೊಳಗೆ ಎಡಗೈ, ಹೊಸ್ತಿಲು ದಾಟಿದರೆ ಬಲಗೈ. ಅದು ಚಪ್ಪಲಿ ಹಾಕಿಕೊಂಡಷ್ಟೇ ಅಭ್ಯಾಸವಾಗಿತ್ತು. "ಹೊರಗೆ ಎಲ್ಲರೂ ಬಲಗೈಲೇ..." ಎಂದಳು.

"ಒಂಬತ್ತು ವರ್ಷದಿಂದ ನೋಡ್ತಿದೀನಿ. ತರಕಾರಿ ಹೆಚ್ಚೋದು ಎಡಗೈಲಿ. ಬೀಗ ತೆಗೆಯೋದು ಎಡಗೈಲಿ. ನನ್ನ ಮಾತ್ರೆ ಅರ್ಧ ಮಾಡಿಕೊಡೋದೂ ಎಡಗೈಲಿ. ಎಡಗೈಗೆ ಅಂತಲೇ ಆ ಮಗ್ಗುಲು ಮಸೆದೆ. ನೀನು ಬೀದಿಗಿಳಿದ ಕೂಡ್ಲೇ ಕೈ ಬದಲಾಯಿಸ್ತೀಯ ಅಂತ ನನಗೇನು ಕನಸು ಬೀಳುತ್ತಾ? ಮೊಂಡು ಅಂತ ನೀನು ಹೇಳಿಕಳಿಸಿದಾಗೆಲ್ಲ ಆ ಕಡೆನೇ ಇನ್ನೂ ಚೆನ್ನಾಗಿ ಮಸೆದು ಕೊಟ್ಟೆ."

ಒಂದೇ ಉಸಿರಿನಲ್ಲಿ ಇಷ್ಟು ಮಾತು ಅವರ ಬಾಯಿಂದ ಬಂದದ್ದನ್ನು ಅವಳು ಕಂಡಿರಲಿಲ್ಲ.

"ಕೊಡುವಾಗ ಒಂದು ಮಾತು ಹೇಳಬಾರದಿತ್ತಾ ಮಾವ?"

"ನೀನು ಒಂದು ಮಾತು ಕೇಳಬಾರದಿತ್ತಾ?"

"ನಾನು... ನಿಮಗೆ ಕಣ್ಣು ಮಂಜಾಗಿದೆ ಅಂದ್ಕೊಂಡೆ. ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ಸುಮ್ನಿದ್ದೆ."

ಮಾವ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಅಂದ್ರೆ ಕೆಟ್ಟ ಚಾಕು ಅಂತ ಗೊತ್ತಿದ್ದೂ ಮೂರು ತಿಂಗಳು ಅದರಲ್ಲೇ ಕತ್ತರಿಸಿದ್ಯಾ? ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ?"

"ಹೂಂ."

"ಪೆದ್ದಿ" ಎಂದರು ಮಾವ. ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಎಡ ಹೆಬ್ಬೆರಳಿನ ಮೇಲೆ ನಾಲ್ಕು ಸಣ್ಣ ಗಾಯದ ಗೆರೆಗಳಿದ್ದವು. ಜೀವಮಾನವೆಲ್ಲ ಒಂದು ಕಡೆ ಮಸೆದವರು ಇನ್ನೊಂದು ಕಡೆ ಮಸೆಯಲು ಹೋದರೆ ಏನಾಗುತ್ತದೆ ಎಂದು ಅವಳಿಗೆ ಆಗ ತಿಳಿಯಿತು. ಆ ಬೆರಳಿಗೆ ಪಟ್ಟಿ ಕಟ್ಟಿದ್ದವಳು ಅವಳೇ. ಏನಾಯ್ತು ಎಂದು ಕೇಳಿದ್ದಕ್ಕೆ "ಏನಿಲ್ಲ" ಅಂದಿದ್ದರು.

ಸೋಮವಾರ ಫೋರ್‌ಮನ್ ಎಂಟು ತುಂಡುಗಳ ಅಳತೆಯ ಅಚ್ಚುಗಳನ್ನು ತಂದು ಮೇಜಿನ ಮೇಲೆ ಇಟ್ಟು ಗಡಿಯಾರ ನೋಡಿದ. ಸೊಸೆ ಎಡಗೈಯಲ್ಲಿ ಚಾಕು ಬಿಚ್ಚಿದಳು. ಮೊದಲ ಎಳೆತಕ್ಕೇ ಅವಳ ಮೊಣಕೈ ಕಿಟಕಿಯ ಮೊಣಕೈಗೆ ಬಡಿಯಿತು. ಅವನ ಪಟ್ಟಿ ಕೆಳಗೆ ಬಿತ್ತು. ಅವಳು ನಿಲ್ಲುವುದು ಅವನ ಬಲಕ್ಕೆ. ಅವನ ಬಲಗೈ, ಅವಳ ಎಡಗೈ, ನಡುವೆ ಒಂದು ಮೊಳ ಜಾಗ. ಶೆಡ್ಡಿಗೆಲ್ಲ ಕತ್ತರಿಸುವ ಮೇಜು ಅದೊಂದೇ.

"ಇದೇನು ಹೊಸ ಆಟ?" ಎಂದ ಫೋರ್‌ಮನ್. "ಎಡಗೈ ಇಲ್ಲಿ ಆಗಲ್ಲಮ್ಮ. ಬಲಗೈಲಿ ಮಾಡು. ಅವನ ಕೆಲಸ ನಿಲ್ಲಿಸೋಕಾಗಲ್ಲ, ಮಧ್ಯಾಹ್ನ ಎರಡು ಬಸ್ಸು ಹೊರಗೆ ಹೋಗಬೇಕು."

ಒಂದೇ ದಾರಿಯಿತ್ತು. ಆ ಶೆಡ್ಡಿನಲ್ಲಿ ಒಬ್ಬನ ಊಟದ ಡಬ್ಬಿಗೆ ಕೈ ಹಾಕಬಹುದಿತ್ತು, ಅವನು ನಿಲ್ಲುವ ಜಾಗ ಕೇಳುವಂತಿರಲಿಲ್ಲ.

"ಕಿಟಕಿಯಣ್ಣಾ" ಎಂದಳು, "ಒಂದು ಗಂಟೆ ಜಾಗ ಬದಲಾಯಿಸ್ಕೊಳ್ಳೋಣ."

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

"ಇಲ್ಲಿಂದ ನಾನು ಕದಲಿದ್ರೆ ನನ್ನನ್ನ ಏನಂತ ಕರೀತಾರೆ?" ಎಂದ ಕಿಟಕಿ.

"ಆ ಕಡೆ ಬಾಗಿಲಿದೆಯಲ್ಲ, ಬಾಗಿಲು ಅಂತ ಕರೀತೀವಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಕಿಟಕಿ ನಗಲಿಲ್ಲ. ಅವಳ ಕೈಯಿಂದ ಚಾಕು ತೆಗೆದುಕೊಂಡು ಬೆಳಕಿಗೆ ಹಿಡಿದ. ಮೊದಲು ಬಲಗೈಯಲ್ಲಿ, ಆಮೇಲೆ ಎಡಗೈಯಲ್ಲಿ. ಅಲಗಿನ ಮಗ್ಗುಲನ್ನು ಉಗುರಿನಿಂದ ಸವರಿದ. ಅವನ ಮುಖ ನಿಧಾನವಾಗಿ ಕೆಂಪಾಯಿತು.

"ಮುದುಕನ ಕಣ್ಣು ಹೋಗಿದೆ ಅಂದೆ ನಾನು" ಎಂದ. "ಕಣ್ಣು ಹೋಗಿರೋದು ನನಗೆ. ಹದಿನೆಂಟು ವರ್ಷ ಚಾಕು ಹಿಡಿದಿದೀನಿ, ಇದು ಎಡಗೈದು ಅಂತ ಹೊಳೀಲಿಲ್ವಲ್ಲ, ಥೂ." ಪಟ್ಟಿ, ಸೀಮೆಸುಣ್ಣ, ನೀರಿನ ಬಾಟಲಿ ಎಲ್ಲ ಎತ್ತಿಕೊಂಡು ಬಲಗಡೆಗೆ ನಡೆದ. "ಒಂದು ಗಂಟೆ. ಅಷ್ಟೇ. ಸಾರ್, ಗಡಿಯಾರ ಈಗ ನೋಡಿ. ಆಗಿನಿಂದ ಹಿಡಿದ್ರೆ ಅನ್ಯಾಯ."

ಸೊಸೆ ಕಿಟಕಿಯ ಬೆಳಕಿನಲ್ಲಿ ನಿಂತಳು. ಪಟ್ಟಿ ಬಲಕ್ಕೆ, ಚಾಕು ಎಡಕ್ಕೆ. ಐದು ತುಂಡು ಬಂದದ್ದೇ ಗೊತ್ತಾಗಲಿಲ್ಲ. ಆರನೆಯದರಲ್ಲಿ, ರೋಲಿನ ಅಂಚಿಗೆ ಕಂಪನಿಯವರು ಹೊಡೆದಿದ್ದ ಸ್ಟೇಪಲ್ ಪಿನ್ನಿಗೆ ಅಲಗು ಬಡಿದು ಕಿರ್ ಎಂದಿತು. ತುದಿಯಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು. ಹಿಡಿಯನ್ನು ಸ್ವಲ್ಪ ತಗ್ಗಿಸಿ, ಉಳಿದ ಅಲಗನ್ನು ಒತ್ತಿ, ಇನ್ನೂ ನಿಧಾನವಾಗಿ ಎಳೆದಳು. ಅಷ್ಟು ಸಾಕಾಯಿತು.

ಐವತ್ತೆರಡು ನಿಮಿಷ. ಫೋರ್‌ಮನ್ ಒಂದೊಂದೇ ತುಂಡನ್ನು ಅಚ್ಚಿನ ಮೇಲಿಟ್ಟು ನೋಡಿದ. "ಏಳು ಸರಿ. ಎಂಟನೇದು ಕೂದಲೆಳೆ ಜಾಸ್ತಿ."

"ಜಾಸ್ತಿ ಇದ್ರೆ ಹೊಲಿಗೆಯಲ್ಲಿ ಮುಚ್ಚಿಹೋಗುತ್ತೆ ಸಾರ್. ಕಡಿಮೆ ಇದ್ರೆ ತಾನೇ ಕೆಟ್ಟಿದ್ದು ಅನ್ನೋದು?"

ಅವನು ತಲೆ ಕೆರೆದುಕೊಂಡ. "ನಾಳೆ ಎರಡು ಫೋಟೋ ತಗೊಂಡು ಬಾ. ಹಾಜರಿ ಪುಸ್ತಕಕ್ಕೆ ಬೇಕು."

ಅವಳು ತನ್ನ ಪಟ್ಟಿ ಎತ್ತಿಕೊಂಡು ಹಳೇ ಜಾಗಕ್ಕೆ ಹೊರಟಳು. ಕಿಟಕಿ ಕದಲಲಿಲ್ಲ. "ನಿಂತ್ಕೋ ಅಲ್ಲೇ, ಸುಮ್ನೆ" ಎಂದ. "ಆ ಕಡೆ ಬಿಸಿಲು ಜಾಸ್ತಿ, ನನಗೆ ಮೊದಲಿಂದಲೂ ಆಗ್ತಿರಲಿಲ್ಲ." ಹದಿನೆಂಟು ವರ್ಷದಲ್ಲಿ ಯಾರೂ ಕೇಳಿರದ ದೂರು ಅದು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಮಾವ, ಕೆಲಸ ಆಯ್ತು."

ಮಾವ ತಲೆಯಾಡಿಸಿ ಕೈ ಚಾಚಿದರು. ಅವಳು ಚಾಕು ಕೊಟ್ಟಳು. ಅವರು ಬಿಚ್ಚಿ ನೋಡಿದವರೇ ಸಿಡುಕಿದರು. "ಪಿನ್ನಿನ ಮೇಲೆ ಹಾಕಿದ್ಯಾ? ಕತ್ತರಿಸೋಕೆ ಮುಂಚೆ ಅಂಚು ಸವರಿ ನೋಡೋದಲ್ವಾ? ಇದನ್ನ ಮಾಡೋಕೆ ನನಗೆ ಹನ್ನೆರಡು ದಿನ ಹಿಡೀತು."

"ತಪ್ಪಾಯ್ತು. ಮಸೆಯೋದು ಹೇಗೆ ಅಂತ ತೋರಿಸಿ, ನಾನೇ ಮಸೀತೀನಿ."

ಮಾವ ಮಸೆಗಲ್ಲು ತಂದು ನೆಲದ ಮೇಲಿಟ್ಟು ನೀರು ಚಿಮುಕಿಸಿದರು. ಅವಳು ಅವರ ಪಕ್ಕ ಕೂರಲು ಹೋದಳು.

"ಅಲ್ಲಲ್ಲ, ಎದುರಿಗೆ ಕೂತ್ಕೋ. ನನ್ನದು ಬಲಗೈ, ನಿನ್ನದು ಎಡ. ಕನ್ನಡಿ ನೋಡಿದ ಹಾಗೆ ನೋಡಿ ಮಾಡು."

ಅವಳು ಎದುರಿಗೆ ಕೂತಳು. ಮಾವ ತಮ್ಮ ಹಳೇ ಚಾಕುವನ್ನು ಬಿಚ್ಚಿ ಕಲ್ಲಿನ ಒಂದು ತುದಿಯಲ್ಲಿ ಇಟ್ಟರು, ಅವಳು ತನ್ನದನ್ನು ಇನ್ನೊಂದು ತುದಿಯಲ್ಲಿ ಇಟ್ಟಳು. ಅವರ ಬಲಗೈ ಹೊರಳಿದ ಕಡೆಗೆ ಅವಳ ಎಡಗೈ ಹೊರಳಿತು.

"ಒತ್ತಬೇಡ" ಎಂದರು ಮಾವ. "ಅಲಗೇ ಹೋಗುತ್ತೆ, ನೀನು ಜೊತೆಗೆ ಹೋಗು ಸಾಕು."