ನಲವತ್ತು ಫ್ಯಾನಿನ ಒಲೆ

ನನ್ನ ಮಾವ ಕಾಂತಪ್ಪನವರಿಗೆ ಕರೆಂಟಿನ ವಿಷಯದಲ್ಲಿ ಗೊತ್ತಿಲ್ಲದ್ದೇ ಇಲ್ಲ. ಹಾಗೆಂದು ಅವರೇ ಹೇಳುತ್ತಾರೆ, ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಪುಣೆಗೆ ಬಂದ ಹೊಸದರಲ್ಲಿ ಅವರು ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕರೆಂಟು ಒಲೆ ಇಟ್ಟುಕೊಂಡು ಚಹಾ ಮಾರಿದರಂತೆ. ಈಗ ದೊಡ್ಡ ಹೋಟೆಲಿದೆ, ಅದನ್ನು ನನ್ನ ಗಂಡ ನೋಡಿಕೊಳ್ಳುತ್ತಾನೆ. ಆ ಒಲೆ ಮಾತ್ರ ಮನೆಯಲ್ಲಿದೆ. ಬಿಲ್ಲೆಯ ಮೇಲೆ ಸುರುಳಿ ತಂತಿ ಕೂರಿಸಿದ, ತುಕ್ಕು ಹಿಡಿದ ಡಬ್ಬಿ. ಅದು ಲಕ್ಷ್ಮಿಯಂತೆ! ಆಯುಧಪೂಜೆಗೆ ಅದಕ್ಕೆ ಕುಂಕುಮ, ಹೂವಿನ ಹಾರ. ಗ್ಯಾಸ್ ಇದ್ದರೂ ದಿನಾ ಸಂಜೆಯ ಕುಚ್ಚಲಕ್ಕಿ ಗಂಜಿ ಲಕ್ಷ್ಮಿಯ ಮೇಲೆಯೇ ಬೇಯಬೇಕು. ಬೇಯಿಸುವವರು ನನ್ನ ಅತ್ತೆ ರಾಜೀವಿ. ಭಕ್ತರು ಹಾಲ್‌ನಲ್ಲಿ ಕೂಲರಿನ ಮುಂದೆ ಕಾಲು ಚಾಚಿಕೊಂಡಿರುತ್ತಾರೆ.

ಒಲೆಯ ಕಾಯಿಲ್ ಆಗಾಗ ತುಂಡಾಗುತ್ತದೆ. ಹೊಸದು ಹಾಕಿದರೆ ಲಕ್ಷ್ಮಿ ಮುನಿಯುತ್ತಾಳೆ. ಆದ್ದರಿಂದ ಮಾವ ಇಕ್ಕಳ ಹಿಡಿದು, ಸುಟ್ಟ ತುದಿಗಳನ್ನು ಕತ್ತರಿಸಿ ಬಿಸಾಡಿ, ಉಳಿದ ತಂತಿಯನ್ನು ಎಳೆದು ಗಂಟು ಹಾಕುತ್ತಾರೆ. ಆಮೇಲೆ ಒಲೆ ಮೊದಲಿಗಿಂತ ಕೆಂಪಗಾಗುತ್ತದೆ, ಮಾವನ ಎದೆ ಮೊದಲಿಗಿಂತ ಉಬ್ಬುತ್ತದೆ. "ಮಾವ, ತಂತಿ ಗಿಡ್ಡ ಆದಷ್ಟೂ ಅದರ ರೋಧ ಕಡಿಮೆಯಾಗ್ತದೆ, ಕರೆಂಟು ಜಾಸ್ತಿ ಎಳೀತದೆ" ಎಂದು ನಾನು ಹೇಳಿದ್ದುಂಟು. ಹತ್ತನೇ ಕ್ಲಾಸಿಗೆ ಇದನ್ನೇ ಪಾಠ ಮಾಡಿ ಸಂಬಳ ತರುವವಳು ನಾನು. "ನೀನು ಪುಸ್ತಕದಲ್ಲಿ ಓದಿದ್ದು ಚಿತ್ರಾ, ನಾನು ಕಣ್ಣಾರೆ ಕಂಡದ್ದು" ಎಂದರು. ಕಣ್ಣು ಎರಡೂ ಚೆನ್ನಾಗಿಯೇ ಇವೆ, ನೋಡುವುದು ಮಾತ್ರ ತಮಗೆ ಬೇಕಾದ್ದನ್ನು.

ಈ ಬೇಸಿಗೆಯಲ್ಲಿ ಕರೆಂಟು ಬಿಲ್ಲು ಏರಿತು. ಕಳ್ಳನನ್ನು ಹುಡುಕಲು ಮಾವ ಮನೆಯಿಡೀ ಸುತ್ತಿದರು. ಕೂಲರು ಕಾಣಲಿಲ್ಲ, ಒಲೆಯಂತೂ ಕಾಣಲೇ ಇಲ್ಲ. ಕಂಡದ್ದು ಅಡುಗೆಮನೆಯ ಮೂಲೆಯಲ್ಲಿ ಅತ್ತೆಗೆ ಗಾಳಿ ಬೀಸುತ್ತಿದ್ದ ಪುಟ್ಟ ಟೇಬಲ್ ಫ್ಯಾನು. "ಇದರ ಗಾಳಿಗೆ ಒಲೆ ತಣ್ಣಗಾಗ್ತದೆ, ಬಿಲ್ಲು ಬರುವುದು ಅದಕ್ಕೇ" ಎಂದು ತೀರ್ಪು ಕೊಟ್ಟು, ಫ್ಯಾನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದರು.

ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಂಡೇ ಗಂಜಿ ಬೇಯಿಸಿದರು. ಅವರಿಗೆ ಬೀಪಿ ಇದೆ. ಮೇ ತಿಂಗಳ ಒಂದು ಸಂಜೆ ಗಂಜಿಯ ಪಾತ್ರೆ ಇಳಿಸಿ, ನೆಲದ ಮೇಲಿನ ಒಲೆಯ ಪಕ್ಕದಲ್ಲೇ ತಲೆ ತಿರುಗಿ ಬಿದ್ದರು. ಕೈ ಇನ್ನೊಂದಿಷ್ಟು ಆಚೆ ಬಿದ್ದಿದ್ದರೆ ಕೆಂಡದಂಥ ಕಾಯಿಲ್ ಮೇಲೆಯೇ ಇರುತ್ತಿತ್ತು. ಸೆಕೆಯಲ್ಲಿ ನಿಲ್ಲಲೇಬಾರದು ಎಂದು ಡಾಕ್ಟರು ಹೇಳಿದರು. "ನೀರು ಕುಡಿಯುವುದು ಕಮ್ಮಿ ಇವಳು" ಎಂದರು ಮಾವ. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಶಾಲೆಯಿಂದ ಪ್ಲಗ್ಗಿಗೆ ಸಿಕ್ಕಿಸುವ ಮೀಟರು ತಂದೆ. ಹಾಲ್‌ನಲ್ಲಿ ಮಾವನ ಜೊತೆ ಪಕ್ಕದ ಮನೆಯ ಕಾಡಪ್ಪನವರಿದ್ದರು. ವಿಜಯಪುರದ ಕಡೆಯವರು, ಕಾಫಿ ಕೊಟ್ಟವರ ಮಾತಿಗೆಲ್ಲ ತಲೆಯಾಡಿಸುವವರು. ಇಬ್ಬರನ್ನೂ ಅಡುಗೆಮನೆಗೆ ಕರೆದೆ. ಅತ್ತೆ ಮತ್ತೆ ಅಲ್ಲೇ ಗಂಜಿ ಬೇಯಿಸುತ್ತಿದ್ದರು. ಒಲೆಯ ಪ್ಲಗ್ಗಿಗೆ ಮೀಟರು ಸಿಕ್ಕಿಸಿದೆ.

"ಮಾವ, ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಎಷ್ಟು ಕರೆಂಟು ತಿನ್ನುತ್ತದೆ ಅಂತ ಗೊತ್ತಾಗ್ತದೆ. ವ್ಯಾಟ್ ಅಂತಾರೆ. ಮೀಟರು ನೋಡಿ, ಇನ್ನೂರ ಮೂವತ್ತು ವೋಲ್ಟು, ಎಂಟು ಆಂಪಿಯರು."

ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದವರು. ನನ್ನ ಬಾಯಿ ಮುಚ್ಚುವ ಮೊದಲೇ ಗುಣಿಸಿಬಿಟ್ಟರು. "ಸಾವಿರದ ಎಂಟುನೂರ ನಲವತ್ತು!"

"ಹೊಸದಿದ್ದಾಗ ಸಾವಿರ ಇತ್ತು, ಅಡಿಯಲ್ಲಿ ಬರೆದಿದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ. ಆಗ ಐವತ್ಮೂರು ಓಮ್, ಈಗ ಇಪ್ಪತ್ತೊಂಬತ್ತೂ ಇಲ್ಲ. ಹೆಚ್ಚುಕಮ್ಮಿ ಅರ್ಧ ತಂತಿ ನೀವು ಕತ್ತರಿಸಿ ಎಸೆದಿದ್ದೀರಿ. ಇನ್ನು ಅತ್ತೆಯ ಫ್ಯಾನು. ಅದೇ ವೋಲ್ಟು, ಅದರ ಮೇಲೆ ಬರೆದಿರುವುದು ಸೊನ್ನೆ ಪಾಯಿಂಟ್ ಎರಡು ಆಂಪಿಯರು."

"ನಲವತ್ತಾರು" ಎಂದರು ಮಾವ. ಅವರ ತುಟಿ ಇನ್ನೂ ಅಲ್ಲಾಡುತ್ತಿತ್ತು, ಭಾಗಿಸುತ್ತಿದ್ದರು. "ಅಂದರೆ ಈ ಒಲೆ ನಲವತ್ತು ಫ್ಯಾನಿಗೆ ಸಮ!"

ಸದ್ಯ, ಬುದ್ಧಿ ಬಂತು ಎಂದುಕೊಂಡೆ. ನಾನೂ ಎಂಥ ದಡ್ಡಿ!

"ಕೇಳಿದಿರಾ ಕಾಡಪ್ಪನವರೇ?" ಮಾವನ ಮುಖ ಅರಳಿತು. "ನಮ್ಮ ಲಕ್ಷ್ಮಿಗೆ ನಲವತ್ತು ಫ್ಯಾನಿನ ಶಕ್ತಿ ಉಂಟಂತೆ! ಈಗಿನ ಯಾವ ಒಲೆಗುಂಟು ಹೇಳಿ?"

"ಹೌದ್ರಿ, ಭಾಳ ಗಟ್ಟಿ ಮಾಲು ಅದ ರೀ" ಎಂದರು ಕಾಡಪ್ಪನವರು, ಕಾಫಿ ಲೋಟ ಹಿಡಿದುಕೊಂಡು.

ಲೆಕ್ಕ ಪೂರ್ತಿ ಸರಿ, ಒಂದಂಕಿ ತಪ್ಪಿಲ್ಲ. ಇಂಥ ತಲೆಗೆ ಯಾವ ಮೇಷ್ಟ್ರು ಏನು ಮಾಡಬೇಕು? ನನಗೆ ಅಳು ಬಂತು.

ಅತ್ತೆ ಗಂಜಿಯ ಪಾತ್ರೆಯನ್ನು ಕೆಳಗಿಟ್ಟರು. ಸ್ವಿಚ್ಚು ಆರಿಸಿದರು, ಪ್ಲಗ್ಗು ಕಿತ್ತರು. ಕಿಟಕಿಯ ಮೇಲಿದ್ದ ಮಾವನ ಇಕ್ಕಳವನ್ನೇ ತೆಗೆದುಕೊಂಡು ಒಲೆಯ ವಯರನ್ನು ಬುಡದಲ್ಲೇ ಕತ್ತರಿಸಿದರು.

"ಎಂತ ಮಾಡಿದಿ ಮಾರಾಯ್ತಿ!"

"ಲಕ್ಷ್ಮಿಯನ್ನು ನೆಲದಲ್ಲಿಟ್ಟು ಇಷ್ಟು ವರ್ಷ ಗಂಜಿ ಬೇಯಿಸಿದ್ದೇ ತಪ್ಪು" ಎಂದರು ಅತ್ತೆ. "ತಣ್ಣಗಾಗಲಿ, ದೇವರ ಕೋಣೆಯಲ್ಲಿ ಇಡ್ತೇನೆ. ದಿನಾ ನೀವೇ ಹೂವು ಹಾಕಿ."

ಮಾವ ಬಾಯಿ ತೆರೆದರು. ಲಕ್ಷ್ಮಿ ದೇವರ ಕೋಣೆಗೆ ಹೋಗುವುದು ಬೇಡ ಎಂದು ಯಾವ ಬಾಯಲ್ಲಿ ಹೇಳುತ್ತಾರೆ? ಕಾಡಪ್ಪನವರ ಕಡೆ ನೋಡಿದರು. ಕಾಡಪ್ಪನವರು ಅತ್ತೆಯ ಮಾತಿಗೆ ತಲೆಯಾಡಿಸುತ್ತಿದ್ದರು. ಕಾಫಿ ಮಾಡಿದ್ದು ಅತ್ತೆಯಲ್ಲವೇ.

ಅತ್ತೆ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು ಸ್ಟೂಲನ್ನು ಅಟ್ಟದ ಕೆಳಗೆ ತಳ್ಳಿದರು.

"ಹತ್ತಿ. ನನಗೆ ನಲವತ್ತು ಬೇಡ. ಒಂದು ಇಳಿಸಿಕೊಡಿ, ಸಾಕು."